‘ಅಲ್ಟ್ರಾಗೆ ಸಿದ್ಧ’ ಎಂದು ಮಾರುವ ಸೈಕಲ್‌ಗಳ ಬಗ್ಗೆ ಎಚ್ಚರ

ಸಾವಿರ, ಸಾವಿರದ ಇನ್ನೂರು ಕಿಲೋಮೀಟರ್‌ಗಳ ಬ್ರೆವೆಗೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿಗೆಂದು, ಹೊಸ ಸೈಕಲ್ ಕೊಳ್ಳಲು ಹೊರಟಿರುವವರು ಹಣ ಕೊಡುವ ಮೊದಲು ಇದನ್ನು ಓದಿ. ಅತಿ ದೂರದ ಸವಾರಿಗೆ, ಅಂದರೆ ‘ಅಲ್ಟ್ರಾಗೆ ಸಿದ್ಧ’ ಎಂದು ಮಾರುವ ಸೈಕಲ್‌ಗಳಲ್ಲಿ ಹಲವು, ಒಂದೇ ದಿನದ ರೇಸಿಗಾಗಿ ಮಾಡಿದವು. ಅವಕ್ಕೆ ಸೀಟಿನ ಹಿಂದೊಂದು ಚೀಲ, ಮುಂದೊಂದು ದೀಪ ಸಿಕ್ಕಿಸಿದರೆ ಹೆಸರು ಬದಲಾಗುತ್ತದೆ, ಬೆಲೆಯೂ ಏರುತ್ತದೆ. ನನಗೆ ಅಂಥದ್ದನ್ನು ಮಾರಿದ ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಆ ಒಂದು ಅಂಗಡಿಯಿಂದ ತಪ್ಪಿಸಿಕೊಳ್ಳಬಹುದು, ಅಷ್ಟೇ. ಇದೇ ಮಾತನ್ನು ಇಷ್ಟೇ ಧೈರ್ಯವಾಗಿ ಹೇಳುವ ಅಂಗಡಿಗಳಿಗೆ ಬರವಿಲ್ಲ.

ಆರ್ಡರ್ ಚೀಟಿಯಲ್ಲಿ ನಾನು ಬರೆಸಿದ್ದರಲ್ಲಿ ಗೊಂದಲವೇನೂ ಇರಲಿಲ್ಲ. 32 ಮಿಲಿಮೀಟರ್ ಅಗಲದ ಟಯರ್ ಹಿಡಿಸಬೇಕು. ಹಿಂದಿನ ಚಕ್ರಕ್ಕೆ ಕಡಿಮೆಯೆಂದರೂ 28 ಕಡ್ಡಿಗಳು (ಸ್ಪೋಕ್) ಇರಬೇಕು. ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಮೇಲ್ಭಾಗದ ಸ್ಟೀರರ್ ಕೊಳವೆಯನ್ನು ಕತ್ತರಿಸಬಾರದು. ಒಂದಷ್ಟು ದೂರ ಓಡಿಸಿ ಎತ್ತರ ನಿಕ್ಕಿಯಾದ ಮೇಲೆ ನಾನೇ ತಂದು ಕತ್ತರಿಸಿಕೊಳ್ಳುತ್ತೇನೆ. ಎಲ್ಲದಕ್ಕೂ ತಲೆಯಾಡಿಸಿದರು. ಹೇಳಿದ ದಿನ ದಾಟಿ, ಸವಾರಿ ತೀರ ಹತ್ತಿರವಾದಾಗ ಕೈಗೆ ಬಂದ ಸೈಕಲ್‌ನಲ್ಲಿದ್ದದ್ದು 28ರ ಟಯರ್. ಅದಕ್ಕೂ ಹಿಂದಿನ ಚಕ್ರದ ಪಕ್ಕದ ಫ್ರೇಮ್ ಕೊಳವೆಯಾದ ಚೈನ್‌ಸ್ಟೇಗೂ ನಡುವೆ ತೆಳ್ಳಗಿನ ಸಂದು ಮಾತ್ರ. ಹಿಂದೆ 24 ಕಡ್ಡಿ. ಸ್ಟೀರರನ್ನು ಕತ್ತರಿಸಿ, ಹ್ಯಾಂಡಲನ್ನು ಫೋರ್ಕ್ ತಿರುಗುವ ಬೇರಿಂಗ್‌ಗಳ ಜೋಡಣೆಯಾದ ಹೆಡ್‌ಸೆಟ್ಟಿನ ಮೇಲೆಯೇ ಕೂರಿಸಿದ್ದರು. ಕೇಳಿದಾಗ ಬಂದ ಉತ್ತರ: ‘ನೀವು ಹೇಳಿದ ಮಾದರಿ ಸಿಗಲಿಲ್ಲ ಸರ್. ಇದು ಅದಕ್ಕಿಂತ ಮೇಲಿನದು. ಇದರಲ್ಲಿ ಹೊರಟರೆ ಅರ್ಧ ದಿನ ಮೊದಲೇ ಮುಗಿಸುತ್ತೀರಿ.’ ಅಷ್ಟು ಹೊತ್ತಿಗೆ ಹಣ ಪೂರ್ತಿ ಸಂದಿತ್ತು. ವಿನಿಮಯಕ್ಕೆಂದು ತೆಗೆದುಕೊಂಡ ನನ್ನ ಹಳೆಯ ಸೈಕಲನ್ನು ಅವರು ಬೇರೊಬ್ಬರಿಗೆ ಮಾರಿಯೂ ಆಗಿತ್ತು.

ಸ್ಟೀರರ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಉಳಿದ ತೊಂದರೆಗಳಿಗೆಲ್ಲ ಏನಾದರೂ ಉಪಾಯವಿದೆ, ಇದಕ್ಕಿಲ್ಲ. ಫೋರ್ಕಿನಿಂದ ಮೇಲಕ್ಕೆ ಬರುವ ಆ ಕೊಳವೆ ಎಷ್ಟು ಉದ್ದ ಉಳಿದಿದೆಯೋ ಅಷ್ಟೇ ಎತ್ತರಕ್ಕೆ ಹ್ಯಾಂಡಲ್ ಏರುತ್ತದೆ. ಕೊಳವೆ ಉದ್ದವಿದ್ದರೆ ಸ್ಟೆಮ್ಮಿನ (ಹ್ಯಾಂಡಲನ್ನು ಆ ಕೊಳವೆಗೆ ಜೋಡಿಸುವ ತುಂಡು) ಕೆಳಗಿನ ಬಿಲ್ಲೆಗಳನ್ನು ಕೂಡಿಸಿ, ಕಳೆದು, ಹತ್ತು ಮಿಲಿಮೀಟರ್ ಅತ್ತ ಇತ್ತ ಮಾಡಿ ನೋಡಬಹುದು. ಒಮ್ಮೆ ಕತ್ತರಿಸಿದ ಮೇಲೆ ಆ ಉದ್ದ ಮತ್ತೆ ಬೇಕೆಂದರೆ ಹೊಸ ಫೋರ್ಕೇ ಹಾಕಿಸಬೇಕು. ಸಾಮಾನ್ಯ ಸ್ಟೆಮ್ ಇರುವ ಸೈಕಲ್‌ನಲ್ಲಿ ಮೇಲ್ಮುಖ ಕೋನದ ಇನ್ನೊಂದು ಸ್ಟೆಮ್ ಹಾಕಿಯಾದರೂ ಸ್ವಲ್ಪ ಎತ್ತರ ಗಳಿಸಬಹುದು. ನನಗೆ ಕೊಟ್ಟದ್ದರಲ್ಲಿ ಹ್ಯಾಂಡಲೂ ಸ್ಟೆಮ್ಮೂ ಒಂದೇ ತುಂಡು. ಬ್ರೇಕಿನ ಎಣ್ಣೆಯ ನಳಿಕೆಗಳು ಅದರೊಳಗೇ ಹಾದು ಹೆಡ್‌ಸೆಟ್ಟಿನ ಬೇರಿಂಗ್ ನಡುವೆ ಇಳಿಯುತ್ತವೆ. ಈ ವಿನ್ಯಾಸದ ಬಹುತೇಕ ಸೈಕಲ್‌ಗಳಲ್ಲಿ ಹ್ಯಾಂಡಲ್ ಬದಲಿಸಬೇಕೆಂದರೆ ನಳಿಕೆ ಬಿಚ್ಚಬೇಕು, ಮತ್ತೆ ಎಣ್ಣೆ ತುಂಬಿ ಗಾಳಿ ತೆಗೆಯಬೇಕು. ಬೆವರೂ ಮಳೆನೀರೂ ಇಳಿದು ಮೇಲಿನ ಬೇರಿಂಗ್ ಹಾಳಾದರೂ ಅದೇ ಕೆಲಸ. ಅಂಗಡಿಯ ಗಾಜಿನ ಹಿಂದೆ ಒಂದು ತಂತಿಯೂ ಕಾಣದೆ ನಿಂತಾಗ ಅದು ಚೆಂದವೇ. ಆದರೆ ಆ ಚಪ್ಪಟೆ ಹ್ಯಾಂಡಲ್‌ಗೆ ದುಂಡು ಹಿಡಿಕೆಯ ದೀಪವನ್ನೂ ಬಿಗಿಯಲಾಗದು, ಮೊಣಕೈ ಊರುವ ಏರೋ ಬಾರನ್ನೂ ಕೂರಿಸಲಾಗದು. ಇಷ್ಟನ್ನು ‘ಅಲ್ಟ್ರಾ’ ಎಂದು ಕರೆಯಲು ಗಟ್ಟಿ ಎದೆ ಬೇಕು.

ತಗ್ಗಿದ ಹ್ಯಾಂಡಲ್‌ನ ಫಲ ಮೊದಲ ದಿನ ತಿಳಿಯಲಿಲ್ಲ. ಎರಡನೆಯ ರಾತ್ರಿ ಬಲಗೈಯ ಕಿರುಬೆರಳೂ ಉಂಗುರಬೆರಳೂ ಜೋಮು ಹಿಡಿದವು. ಕಿರುಬೆರಳಿನ ಬದಿಯಲ್ಲಿ, ಮಣಿಕಟ್ಟಿನ ಬುಡದಲ್ಲಿ ಗಿಯೋನ್ ನಾಳ ಎಂಬ ಕಿರಿದಾದ ಓಣಿಯೊಂದಿದೆ. ಅಲ್ನಾರ್ ನರ ಅದರ ಮೂಲಕ ಅಂಗೈಗೆ ಇಳಿಯುತ್ತದೆ. ಮೈಭಾರ ಮುಂದಕ್ಕೆ ಬಿದ್ದು ಗಂಟೆಗಟ್ಟಲೆ ಅಲ್ಲೇ ಒತ್ತಿದರೆ ಸ್ಪರ್ಶವೂ ಬಲವೂ ಹೋಗಬಹುದು. ದೂರದ ಸವಾರರಲ್ಲಿ ಇದು ಹೊಸ ಕಾಯಿಲೆಯಲ್ಲ. ಕೈಯ ಜಾಗ ಬದಲಿಸುತ್ತ ಹೋದರೆ ಸಾಕು ಎಂದು ಎಲ್ಲರೂ ಹೇಳುತ್ತಾರೆ. ಎಲ್ಲಿ ಇಟ್ಟರೂ ಭಾರ ಕೈಯ ಮೇಲೆಯೇ ಬೀಳುವ ಸೈಕಲ್‌ನಲ್ಲಿ ಎಲ್ಲಿಗೆ ಬದಲಿಸುವುದು? ಕೊನೆಗೆ ಮಳೆಯಲ್ಲಿ ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಎಷ್ಟು ಒತ್ತಿದ್ದೇನೆ ಎಂಬುದೇ ಕೈಗೆ ತಿಳಿಯದಾಯಿತು. ಅಲ್ಲಿಂದ, ಸವಾರರ ಹಾಜರಿಗೆ ಮುದ್ರೆ ಒತ್ತುವ ಮುಂದಿನ ನಿಯಂತ್ರಣ ಕೇಂದ್ರ ತಲುಪಿ ಸವಾರಿ ಕೈಬಿಟ್ಟೆ. ಮನೆಗೆ ಬಂದ ಮೇಲೂ ವಾರಗಟ್ಟಲೆ ಬೀಗದಲ್ಲಿ ಕೀಲಿ ತಿರುಗಿಸಲು ಎಡಗೈಯೇ ಬೇಕಾಯಿತು. ಬಿಗಿಯಾದ ಅಂಗಿಯ ಗುಂಡಿಗಳಂತೂ ಹಾಕಲಾಗದೆ ಹಾಗೆಯೇ ಉಳಿದವು.

ಕುತ್ತಿಗೆಗೂ ಇದೇ ಗತಿಯಾಗಬಹುದಿತ್ತು. 1983ರಲ್ಲಿ, ಅಮೆರಿಕವನ್ನು ಅಡ್ಡಲಾಗಿ ದಾಟುವ ‘ರೇಸ್ ಅಕ್ರಾಸ್ ಅಮೆರಿಕ’ದಲ್ಲಿ, ಸವಾರ ಮೈಕೆಲ್ ಶೆರ್ಮರ್ ಅವರ ಕುತ್ತಿಗೆಯ ಸ್ನಾಯುಗಳು ಸೋತು, ತಲೆಯನ್ನು ಎತ್ತಿ ಹಿಡಿಯಲಾಗದ ಸ್ಥಿತಿ ಬಂತು. ಅಂದಿನಿಂದ ಅದಕ್ಕೆ ‘ಶೆರ್ಮರ್ ಕುತ್ತಿಗೆ’ ಎಂದೇ ಹೆಸರು. ತಗ್ಗಿದ ಹ್ಯಾಂಡಲ್ ಎಂದರೆ ದಾರಿ ನೋಡಲು ತಲೆಯನ್ನು ಅಷ್ಟೂ ಹೆಚ್ಚು ಹಿಂದಕ್ಕೆ ಬಾಗಿಸಬೇಕು. ಅಂಗಡಿಯವರ ‘ಫಿಟ್ಟಿಂಗ್’ನಲ್ಲಿ ಇದು ಕಾಣುವುದಿಲ್ಲ. ನಿದ್ದೆ ಮಾಡಿ ಬಂದ ಮೈಯನ್ನು ನಿಂತಲ್ಲೇ ತುಳಿಯುವ ಯಂತ್ರದ ಮೇಲೆ ಕೂರಿಸಿ ಮಂಡಿಯ ಕೋನ ಅಳೆಯುತ್ತಾರೆ. ಏಳುನೂರನೆಯ ಕಿಲೋಮೀಟರ್‌ನ ಮೈ ಬೇರೆ: ಸೊಂಟ ಕುಸಿದಿರುತ್ತದೆ, ಪಾದ ಊದಿ ಶೂ ಬಿಗಿಯಾಗಿರುತ್ತದೆ, ಭುಜ ಕಿವಿಯ ಹತ್ತಿರಕ್ಕೆ ಏರಿರುತ್ತದೆ. ಅಳತೆ ಬೇಕಾದದ್ದು ಆ ಮೈಗೆ.

ಇನ್ನು ಚಕ್ರ. ಕೈ ಕೆಡುವುದಕ್ಕೆ ಮೊದಲೇ, ನಡುರಾತ್ರಿ, ಹಿಂದಿನ ಚಕ್ರದ ಗೇರ್ ಬದಿಯ ಕಡ್ಡಿಯೊಂದು ಟಣ್ಣೆಂದು ಮುರಿಯಿತು. ಹಿಂದಿನ ಚಕ್ರದಲ್ಲಿ ಗೇರ್ ಬದಿಯ ಕಡ್ಡಿಗಳಿಗೆ ಬಿಗಿತ ಹೆಚ್ಚು, ಮುರಿಯುವುದೂ ಅಲ್ಲೇ ಹೆಚ್ಚು. 32 ಕಡ್ಡಿಯ ಚಕ್ರದಲ್ಲಿ ಒಂದು ಹೋದರೆ ಸ್ವಲ್ಪ ಬೆಂಡಾಗುತ್ತದೆ, ಅಕ್ಕಪಕ್ಕದವನ್ನು ತಿರುಗಿಸಿ ಸರಿದೂಗಿಸಿಕೊಂಡು ಮುಂದೆ ಹೋಗಬಹುದು. 24ರಲ್ಲಿ ಒಂದು ಹೋದರೆ ಉಳಿದವುಗಳ ನಡುವೆ ದೊಡ್ಡ ಅಂತರ ಬೀಳುತ್ತದೆ. ರಿಮ್ ಓಲಾಡಿ ಟಯರ್ ಚೈನ್‌ಸ್ಟೇಯನ್ನು ಉಜ್ಜತೊಡಗಿತು. ಸಂದು ಇದ್ದಿದ್ದರೆ ತಾನೇ ಓಲಾಡಲು ಜಾಗ! ಕಾರ್ಬನ್ ಸವೆಯುವ ಸದ್ದು ಕೇಳುತ್ತ, ಬಹಳಷ್ಟು ದೂರ ಸೈಕಲ್ ತಳ್ಳಿಕೊಂಡು ಕೇಂದ್ರಕ್ಕೆ ಹೋದೆ.

ಅಲ್ಲಿನ ಮೆಕ್ಯಾನಿಕ್ ಕೆಲಸ ಬಲ್ಲವರು. ಆದರೂ ಈ ಚಕ್ರದ ಮುಂದೆ ಕೈಚೆಲ್ಲಿದರು. ಕಡ್ಡಿ ಚಪ್ಪಟೆಯದು, ತಲೆ ಬಾಗಿರದ ನೇರ ಜಾತಿಯದು. ಅವರ ಪೆಟ್ಟಿಗೆಯಲ್ಲಿ ಆ ಉದ್ದದ್ದು ಇರಲಿಲ್ಲ. ಕಡ್ಡಿಯ ತುದಿಯನ್ನು ಬಿಗಿಯುವ ನಿಪ್ಪಲ್‌ಗಳು ರಿಮ್ಮಿನ ಒಳಗೆ ಅಡಗಿದ್ದವು. ಗಾಳಿಗೆ ತಡೆಯಾಗದಿರಲಿ ಎಂದು ಹೀಗೆ ಮಾಡುತ್ತಾರೆ. ಹಾಗಾಗಿ ಬೆಂಡ್ ತೆಗೆಯಬೇಕೆಂದರೆ ಟಯರ್ ಬಿಚ್ಚಿ, ಟ್ಯೂಬ್ ಇಲ್ಲದ ಟಯರಿನ ತೂತು ಮುಚ್ಚುವ ದ್ರಾವಣ ಚೆಲ್ಲಿ, ರಿಮ್ಮಿನ ಪಟ್ಟಿ ಕಿತ್ತು, ಉದ್ದನೆಯ ಬೇರೆಯದೇ ಕೀಲಿಯಿಂದ ಒಳಗಿನಿಂದ ತಿರುಗಿಸಬೇಕು. ಆ ಕೀಲಿ ಅವರಲ್ಲಿರಲಿಲ್ಲ. ಕೊನೆಗೆ ಯಾರದೋ 25ರ ಟಯರ್ ಬೇಡಿ ತಂದು, ಒಳಗೆ ಟ್ಯೂಬ್ ಹಾಕಿ, ಉಜ್ಜದಷ್ಟು ಸಂದು ಮಾಡಿಕೊಟ್ಟರು. ಡಿಸ್ಕ್ ಬ್ರೇಕ್ ಆದ್ದರಿಂದ ಓಲಾಡುವ ರಿಮ್ಮಿನಲ್ಲೂ ಬ್ರೇಕ್ ಹಿಡಿಯಿತು. ಆ ತೆಳು ಟಯರಿನ ಕುಲುಕಾಟವೆಲ್ಲ ಮುಂದೆ ಈಗಾಗಲೇ ಹೇಳಿದ ಕೈಗೆ ಹೋಯಿತು.

‘ಅರ್ಧ ದಿನ ಮೊದಲೇ’ ಎಂಬ ಮಾತಿನ ಲೆಕ್ಕವನ್ನೂ ನೋಡಿಬಿಡಿ. 1200 ಕಿಲೋಮೀಟರ್ ಬ್ರೆವೆಗೆ 90 ಗಂಟೆಯ ಗಡುವು. ಎಲ್ಲ ಸೇರಿ ಗಂಟೆಗೆ 13 ಕಿಲೋಮೀಟರ್‌ಗಿಂತ ತುಸು ಹೆಚ್ಚು. ತುಳಿಯುವಾಗ ಗಂಟೆಗೆ 22ರಂತೆ ಹೋದರೂ ಸೀಟಿನ ಮೇಲೆ 55 ಗಂಟೆಯೊಳಗೆ ಮುಗಿಯುತ್ತದೆ. ಉಳಿದ 35 ಗಂಟೆ ಊಟ, ನಿದ್ದೆ, ಮುದ್ರೆ, ರಿಪೇರಿಗೆ. ಸವಾರ, ಸೈಕಲ್, ಚೀಲ, ನೀರು ಎಲ್ಲ ಸೇರಿ 90 ಕಿಲೋ ಇದ್ದರೆ, ಒಂದು ಕಿಲೋ ಹಗುರವಾದ ಸೈಕಲ್ ಉಳಿಸುವುದು ನೂರರಲ್ಲಿ ಒಂದು ಪಾಲು. ಅದರ ಲಾಭ ಕಾಣುವುದು ಹೆಚ್ಚಾಗಿ ಏರಿನಲ್ಲಿ. ಒಂದು ಕಡ್ಡಿ ಮುರಿದು ಕೇಂದ್ರದಲ್ಲಿ ಕುಳಿತದ್ದೇ ಸಾಕು, ಅಷ್ಟೂ ಉಳಿತಾಯ ಬಡ್ಡಿಸಮೇತ ಹೋಯಿತು. ಆ ‘ಮೇಲಿನ’ ಸೈಕಲ್‌ನಲ್ಲಿ ಮುಂದಿನ ಎರಡು ಹಲ್ಲುಚಕ್ರಗಳಿಗೆ 52, 36 ಹಲ್ಲು, ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ 30 ಹಲ್ಲು ಎಂಬುದನ್ನೂ ಹೇಳಿಬಿಡುತ್ತೇನೆ. ಚೀಲ ಹೊತ್ತು, ನಿದ್ದೆಗೆಟ್ಟು ಏರು ಹತ್ತುವವನಿಗೆ ಅದು ಗೇರೇ ಅಲ್ಲ. ಮುಂದೆ 34, ಹಿಂದೆ 34, ಅಂದರೆ ಪೆಡಲ್ ಒಂದು ಸುತ್ತಿಗೆ ಚಕ್ರ ಒಂದು ಸುತ್ತು: ಅದಕ್ಕಿಂತ ಗಟ್ಟಿಯಾದದ್ದನ್ನು ಒಪ್ಪಿಕೊಳ್ಳಬೇಡಿ.

ದೀಪದ ಬಗ್ಗೆ ಚಿಕ್ಕದಾಗಿ: ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದ ಗಂಟೆಗಳು ಸಾಮಾನ್ಯವಾಗಿ ಅತ್ಯಂತ ಮಂದ ಬೆಳಕಿನವು. ಇಳಿಜಾರಿನಲ್ಲಿ ಬೇಕಾಗುವ ಬೆಳಕಿಗೆ ಎಷ್ಟು ಹೊತ್ತು ಎಂದು ಮನೆಯಲ್ಲೇ ಹಚ್ಚಿಟ್ಟು ನೋಡಿ. ಕೈಲಾದರೆ ಮುಂದಿನ ಚಕ್ರಕ್ಕೆ 6 ವೋಲ್ಟ್, 3 ವಾಟ್‌ನ ಡೈನಮೋ ಹಬ್ (ಚಕ್ರ ತಿರುಗಿದಂತೆ ವಿದ್ಯುತ್ ಕೊಡುವ ಗುಂಬ) ಕಟ್ಟಿಸಿ. ಎಲೆಕ್ಟ್ರಾನಿಕ್ ಗೇರ್ ಇದ್ದರೆ ಸೈಕಲ್ ಡಬ್ಬಕ್ಕೆ ಹಾಕುವಾಗ ಬ್ಯಾಟರಿಯ ಸಂಪರ್ಕ ತೆಗೆದಿಡಿ. ಒಳಗೆ ಗೇರ್ ಗುಂಡಿ ಒತ್ತಿಕೊಂಡೇ ಪ್ರಯಾಣಿಸಿದರೆ ಇಳಿಯುವಷ್ಟರಲ್ಲಿ ಬ್ಯಾಟರಿ ಬರಿದಾಗಿರಬಹುದು.

ಹಿಂದಿರುಗಿ ಬಂದು ಅಂಗಡಿಗೆ ಹೋದಾಗ ಆರ್ಡರ್ ಚೀಟಿ ಮುಂದಿಟ್ಟೆ. ಸ್ಟೀರರ್ ಕತ್ತರಿಸಿದ್ದು ‘ಕಾರ್ಖಾನೆಯ ಶಿಫಾರಸು’ ಎಂದರು. ಕಡ್ಡಿ ಮುರಿದದ್ದಕ್ಕೆ ಖಾತರಿ ಅನ್ವಯಿಸುವುದಿಲ್ಲವಂತೆ, ಏಕೆಂದರೆ ನಾನು ಸೈಕಲನ್ನು ‘ಅಸಾಮಾನ್ಯ ಬಳಕೆ’ಗೆ ಒಳಪಡಿಸಿದ್ದೇನೆ. ‘ಅಲ್ಟ್ರಾಗೆ ಸಿದ್ಧ’ ಎಂಬ ಫಲಕ ಅವರ ಬೆನ್ನ ಹಿಂದೆಯೇ ತೂಗುತ್ತಿತ್ತು. ಬಹಳ ವಾದದ ನಂತರ ಸಿಕ್ಕಿದ್ದು ರಿಪೇರಿಯ ಕೂಲಿಯಲ್ಲಿ ರಿಯಾಯಿತಿ.

ಆದ್ದರಿಂದ ಬಾಯಿಮಾತು ಬೇಡ, ಆರ್ಡರ್ ಚೀಟಿಯೂ ಸಾಲದು, ಬಿಲ್ಲಿನಲ್ಲೇ ಬರೆಸಿ. ಮಡ್‌ಗಾರ್ಡ್ ಹಾಕಿದ ಮೇಲೆ ಎಷ್ಟು ಅಗಲದ ಟಯರ್ ಹಿಡಿಸುತ್ತದೆ, ಮಡ್‌ಗಾರ್ಡ್ ಇಲ್ಲದೆ ಎಷ್ಟು ಎಂಬ ಸಂಖ್ಯೆ ಬೇಕು. ‘ಸಾಕಷ್ಟು’ ಎಂಬ ಉತ್ತರ ಬೇಡ. ಕಡ್ಡಿಗಳ ಉದ್ದವನ್ನೂ ಬರೆಸಿ: ಹಿಂದಿನ ಚಕ್ರದ ಎಡಕ್ಕೂ ಬಲಕ್ಕೂ ಬೇರೆ ಬೇರೆ ಉದ್ದ, ಮುಂದಿನದಕ್ಕೆ ಇನ್ನೊಂದು ಇರಬಹುದು. ಪ್ರತಿಯೊಂದರಲ್ಲೂ ಎರಡನ್ನು ಬಿಲ್ಲಿನೊಂದಿಗೇ ಕೊಡಿಸಿಕೊಂಡು ಸೀಟಿನ ಕೊಳವೆಯೊಳಗೋ ಫ್ರೇಮಿಗೆ ಟೇಪ್ ಸುತ್ತಿಯೋ ಇಟ್ಟುಕೊಳ್ಳಿ. ಗೇರ್ ಬದಲಿಸುವ ಹಿಂದಿನ ಡಿರೇಲರ್ ಕೂರುವ ಹ್ಯಾಂಗರ್ ಹಲವು ಫ್ರೇಮುಗಳಲ್ಲಿ ಒಂದೊಂದಕ್ಕೂ ಒಂದೊಂದು ಆಕಾರದ್ದು. ಬಿದ್ದಾಗ ಮೊದಲು ಬಾಗುವುದೂ ಅದೇ. ಹೆಚ್ಚುವರಿ ಒಂದು ಜೊತೆಗಿರಲಿ. ಡಿಸ್ಕ್ ಬ್ರೇಕಿನ ಪ್ಯಾಡ್‌ಗಳನ್ನೂ ಮರೆಯಬೇಡಿ, ಮಳೆಯಲ್ಲಿ ಕೆಸರು ಸೇರಿದರೆ ಮೆದುವಾದ ರೆಸಿನ್ ಪ್ಯಾಡ್ ಕಣ್ಣೆದುರೇ ಸವೆಯುತ್ತದೆ. ಹ್ಯಾಂಡಲ್ ಬದಲಿಸಲು ಬ್ರೇಕ್ ನಳಿಕೆ ಬಿಚ್ಚಬೇಕೇ ಎಂದು ಕೇಳಿ. ಹೌದು ಎಂದರೆ ಬೇರೆ ಸೈಕಲ್ ತೋರಿಸಿ ಎನ್ನಿ. ಹಳೆಯ ಸೈಕಲನ್ನು ಹೊಸದು ಒಂದು 600 ಕಿಲೋಮೀಟರ್ ಸವಾರಿ ಮುಗಿಸುವವರೆಗೆ ಯಾರಿಗೂ ಒಪ್ಪಿಸಬೇಡಿ, ವಿನಿಮಯದಲ್ಲಿ ಎಷ್ಟೇ ಆಸೆ ತೋರಿಸಿದರೂ.

ಇಂಥ ಸೈಕಲ್ ಈಗಾಗಲೇ ಮನೆಗೆ ಬಂದುಬಿಟ್ಟಿದ್ದು, ಸವಾರಿ ಹತ್ತಿರವಿದ್ದರೆ, ಚಕ್ರಗಳನ್ನು ಮೊದಲು ಬದಲಿಸಿ. 32 ಸಾಮಾನ್ಯ ಕಡ್ಡಿಗಳ, ನಿಪ್ಪಲ್ ಹೊರಗೆ ಕಾಣುವ ಚಕ್ರವನ್ನು ಯಾವ ಮೆಕ್ಯಾನಿಕ್ ಕೈಯಲ್ಲಾದರೂ ಸರಿಮಾಡಿಸಬಹುದು. ಎರಡೂ ಬದಿ ನಾಲ್ಕೈದು ಮಿಲಿಮೀಟರ್ ಸಂದು ಉಳಿಯುವಷ್ಟು ಅಗಲದ ಟಯರ್ ಹಾಕಿ. ಹ್ಯಾಂಡಲ್‌ಗೆ ದಪ್ಪ ಪಟ್ಟಿ ಸುತ್ತಿಸಿ, ಎಲ್ಲ ಚೀಲಗಳನ್ನೂ ಕಟ್ಟಿ, ಒಂದು ಇಡೀ ರಾತ್ರಿ ಸೇರಿಸಿ 400 ಕಿಲೋಮೀಟರ್ ಹೋಗಿಬನ್ನಿ. ಅಷ್ಟರಲ್ಲಿ ಕಿರುಬೆರಳು ಜೋಮು ಹಿಡಿದರೆ 1200ಕ್ಕೆ ಆ ಸೈಕಲ್ ಒಯ್ಯಬೇಡಿ. ಹ್ಯಾಂಡಲ್ ಎತ್ತರ ಹೊಂದುವ ಸೈಕಲ್ ಯಾರ ಬಳಿಯಾದರೂ ಇದ್ದರೆ ಎರವಲು ಕೇಳಿ, ಎರಡು ಕಿಲೋ ಹೆಚ್ಚು ಭಾರದ್ದಾದರೂ ಪರವಾಗಿಲ್ಲ.