ರೇಷ್ಮೆ ಹುಡುಕುತ್ತಾ ಆರು ವರ್ಷ: ಯೂನಿವರ್ಸಿಟಿ ಲೈಬ್ರರಿಯ ಪೂರ್ವ ಏಷ್ಯಾ ವಿಭಾಗ ಬಳಸಿದ ಅನುಭವ

ನಾನು ಶಿಡ್ಲಘಟ್ಟದ ಕಡೆಯವಳು. ಅಜ್ಜಿಯ ಕಾಲದಿಂದ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. 1991ರಲ್ಲಿ ಬೇರೆ ದೇಶಗಳಿಗೆ ನೆರವು ಕೊಡುವ ಜಪಾನ್ ಸರ್ಕಾರದ ಜೈಕಾ ಸಂಸ್ಥೆ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ) ಹುಳುವಿನ ಯೋಜನೆ ಶುರು ಮಾಡಿತು. ಅದಕ್ಕೂ ಸುಮಾರು ನೂರು ವರ್ಷ ಮೊದಲು ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿಗೆ ಜಪಾನಿನ ಪರಿಣಿತರನ್ನು ಕರೆಸಿ ರೇಷ್ಮೆ ತೋಟ ಮಾಡಿಸಿದ್ದರು. ಬಸವನಗುಡಿ ಪಕ್ಕದ ಟಾಟಾ ಸಿಲ್ಕ್ ಫಾರ್ಮ್ ಅನ್ನುವ ಹೆಸರು ಅದರದ್ದೇ. ಈ ನಂಟಿನ ಜಪಾನಿನ ಕಡೆಯ ಕಥೆಯನ್ನು ಅವರ ಭಾಷೆಯಲ್ಲೇ ಓದಬೇಕು ಅಂತ ನಾನು ಬೆಂಗಳೂರಿನಲ್ಲಿ ಜಪಾನಿ ಕಲಿತೆ. ಈಗ ಅಮೆರಿಕದ ಮಧ್ಯಭಾಗದ ಒಂದು ದೊಡ್ಡ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿಯ ಆರನೇ ವರ್ಷದಲ್ಲಿದ್ದೇನೆ.

ಇದು ಆ ಯೂನಿವರ್ಸಿಟಿಯ ಲೈಬ್ರರಿಯಲ್ಲಿರುವ ಪೂರ್ವ ಏಷ್ಯಾ ವಿಭಾಗದ ವಿಮರ್ಶೆ. ಜಪಾನಿ ಪುಸ್ತಕ ಜಾಸ್ತಿ ತಂದಿದ್ದೇನೆ, ಚೀನೀ ಪುಸ್ತಕ ಸ್ವಲ್ಪ, ಕೊರಿಯನ್ ಬಹಳ ಕಡಿಮೆ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಪುಸ್ತಕ ಸಂಗ್ರಹಕ್ಕಾದರೆ ಐದಕ್ಕೆ ಐದು. ಅಂಕ ಕಡಿಮೆಯಾದದ್ದು ಹುಡುಕುವ ದಾರಿಗೆ. ಹೊಸದಾಗಿ ಬರುವವರು ಎಡವುವುದೂ ಅಲ್ಲೇ. ಅದಕ್ಕೇ ಆ ಭಾಗವನ್ನು ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲ ಸೆಮಿಸ್ಟರಿನಲ್ಲಿ ಎಲ್ಲರಂತೆ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹುಡುಕಿದೆ. ಜಪಾನಿಯಲ್ಲಿ ರೇಷ್ಮೆ ಸಾಕಣೆಗೆ 'ಯೋಸನ್' ಅನ್ನುತ್ತಾರೆ. ಯೋ ದೀರ್ಘ. ಅದನ್ನೇ ಹ್ರಸ್ವ ಮಾಡಿ 'ಯೊಸನ್' ಅಂದರೆ ಬಜೆಟ್. ಕನ್ನಡದಲ್ಲಿ ಬರೆದರೆ ಎರಡೂ ಬೇರೆ ಅಂತ ಮಗುವಿಗೂ ಗೊತ್ತಾಗುತ್ತದೆ, ಅಲ್ವಾ? ಇಂಗ್ಲಿಷ್ ಲಿಪಿಯಲ್ಲಿ ದೀರ್ಘಕ್ಕೆ ಅಕ್ಷರದ ಮೇಲೆ ಒಂದು ಗೀಟು ಹಾಕುತ್ತಾರೆ. ಕ್ಯಾಟಲಾಗ್ ಹುಡುಕುವಾಗ ಆ ಗೀಟನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ನನಗೆ ಬಂದದ್ದು ಪುಟಗಟ್ಟಲೆ ಸರ್ಕಾರಿ ಬಜೆಟ್ಟಿನ ಪುಸ್ತಕಗಳು. 'ಸಂಗ್ಯೋ' ಅಂತ ಹುಡುಕಿದಾಗ ಇನ್ನೂ ಕಷ್ಟವಾಯಿತು. ರೇಷ್ಮೆ ಕಸುಬಿಗೂ ಸಂಗ್ಯೋ, ಉದ್ಯಮ ಅನ್ನುವುದಕ್ಕೂ ಸಂಗ್ಯೋ. ಇಲ್ಲಿ ಹ್ರಸ್ವ ದೀರ್ಘದ ವ್ಯತ್ಯಾಸವೂ ಇಲ್ಲ. ಚೀನೀ ಮೂಲದ ಅಕ್ಷರ ನೋಡಿದರೆ ಮಾತ್ರ ಬೇರೆ ಅಂತ ತಿಳಿಯುತ್ತದೆ. ಜಪಾನಿನ ಕಾರು, ಕಬ್ಬಿಣ, ಹಡಗು ಎಲ್ಲವೂ ನನ್ನ ಪರದೆಯ ಮೇಲೆ ಬಂದವು. ಹುಳು ಬರಲಿಲ್ಲ.

ಹಾಗಾಗಿ ನನ್ನ ಮೊದಲ ಸಲಹೆ ಇದು. ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಜಪಾನಿ, ಚೀನೀ ಕೀಬೋರ್ಡ್ ಹಾಕಿಕೊಂಡು ಮೂಲ ಲಿಪಿಯಲ್ಲೇ ಹುಡುಕಿ. ಅದರಲ್ಲೂ ಒಂದು ತೊಡಕಿದೆ. ಹುಳುವಿನ ಅಕ್ಷರಕ್ಕೆ ಎರಡು ರೂಪ. ಈಗಿನ ಜಪಾನಿನಲ್ಲಿ ಬರೆಯುವುದಕ್ಕೆ 10 ಗೆರೆ ಸಾಕು. ಹಳೆಯ ರೂಪಕ್ಕೆ 24 ಗೆರೆ ಬೇಕು. ಎರಡನೇ ಮಹಾಯುದ್ಧಕ್ಕೆ ಮುಂಚಿನ ಪುಸ್ತಕಗಳ ಹೆಸರಿನಲ್ಲಿ ಹಳೆಯ ರೂಪವೇ ಜಾಸ್ತಿ. ನಮ್ಮ ಕ್ಯಾಟಲಾಗ್ ಕೆಲವು ಜೋಡಿಗಳನ್ನು ಒಂದೇ ಅಂತ ಗುರುತಿಸುತ್ತದೆ, ಈ ಜೋಡಿಯನ್ನು ಗುರುತಿಸಲಿಲ್ಲ. ಎರಡೂ ರೂಪದಲ್ಲಿ ಹುಡುಕಿದ ದಿನ ನನ್ನ ಪಟ್ಟಿ ಹೆಚ್ಚುಕಡಿಮೆ ಎರಡರಷ್ಟಾಯಿತು. ಒಂದು ವರ್ಷ ಅರ್ಧ ಸಂಗ್ರಹ ನನ್ನ ಕಣ್ಣಿಗೇ ಬಿದ್ದಿರಲಿಲ್ಲ ಅಂತ ಆಗ ಗೊತ್ತಾಗಿ ಬೇಜಾರಾಯಿತು.

ಮೂಲ ಲಿಪಿಯಲ್ಲಿ ಸಿಗದಿದ್ದರೆ ಪುಸ್ತಕವೇ ಇಲ್ಲ ಅಂದುಕೊಳ್ಳಬೇಡಿ. ಅಮೆರಿಕದ ಲೈಬ್ರರಿಗಳ ಆರ್‌ಎಲ್‌ಐಎನ್ ಜಾಲದಲ್ಲಿ ಚೀನೀ, ಜಪಾನಿ, ಕೊರಿಯನ್ ಲಿಪಿಯಲ್ಲಿ ಕ್ಯಾಟಲಾಗ್ ಮಾಡುವ ಸೌಲಭ್ಯ ಬಂದದ್ದು 1983ರಲ್ಲಿ. ಅದಕ್ಕೂ ಹಿಂದೆ ಬಂದ ಪುಸ್ತಕಗಳ ವಿವರ ಕಾರ್ಡಿನಿಂದ ಕಂಪ್ಯೂಟರಿಗೆ ಏರಿದಾಗ ಕೆಲವದಕ್ಕೆ ಬರೀ ಇಂಗ್ಲಿಷ್ ಅಕ್ಷರ ಉಳಿಯಿತು. ಅಂಥವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಹುಡುಕಬೇಕು.

ಚೀನೀ ಪುಸ್ತಕಕ್ಕೆ ಇನ್ನೊಂದು ಇತಿಹಾಸವಿದೆ. ಅಮೆರಿಕದ ರಾಷ್ಟ್ರೀಯ ಲೈಬ್ರರಿಯಂತಿರುವ ಲೈಬ್ರರಿ ಆಫ್ ಕಾಂಗ್ರೆಸ್ 2000ದ ಅಕ್ಟೋಬರ್ 1ರಂದು ಚೀನೀ ಭಾಷೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ವೇಡ್-ಗೈಲ್ಸ್ ಪದ್ಧತಿ ಬಿಟ್ಟು ಅಂಥದೇ ಇನ್ನೊಂದು ಪದ್ಧತಿಯಾದ ಪಿನ್‌ಯಿನ್‌ಗೆ ಬಂತು. ಬೇರೆ ಲೈಬ್ರರಿಗಳೂ ಬದಲಾದವು. ಆದರೆ 1970ರ ದಶಕದ ಪುಸ್ತಕವೊಂದರ ಅಡಿಟಿಪ್ಪಣಿ ನೋಡಿ ಹುಡುಕಲು ಹೊರಟರೆ ಅಲ್ಲಿರುವುದು ಹಳೆಯ ಸ್ಪೆಲ್ಲಿಂಗ್. ಮೊದಲು ಅದನ್ನು ಬದಲಾಯಿಸಿಕೊಳ್ಳಬೇಕು. ಪಿನ್‌ಯಿನ್‌ನಲ್ಲಿ ಲೈಬ್ರರಿಯವರು ಒಂದೊಂದು ಉಚ್ಚಾರವನ್ನೂ ಬಿಡಿಬಿಡಿಯಾಗಿ ಬರೆಯುತ್ತಾರೆ, ಊರಿನ ಮತ್ತು ಜನರ ಹೆಸರನ್ನು ಮಾತ್ರ ಕೂಡಿಸುತ್ತಾರೆ. ಚೀನೀಯಲ್ಲಿ ರೇಷ್ಮೆ ಹುಳು 'ತ್ಸಾನ್'. ಪಿನ್‌ಯಿನ್‌ನಲ್ಲಿ ಅದರ ಸ್ಪೆಲ್ಲಿಂಗ್ ಇಂಗ್ಲಿಷಿನ 'ಕ್ಯಾನ್' ಅನ್ನುವ ಪದದ್ದೇ ಮೂರು ಅಕ್ಷರ. ಬಿಡಿಯಾಗಿ ಬರೆದ ಆ ಪದವನ್ನು ಸುಮ್ನೆ ಹುಡುಕಿದರೆ ಏನಾಗುತ್ತದೆ ಅಂತ ನೀವೇ ಊಹಿಸಿ.

ಕೊರಿಯನ್‌ನಲ್ಲಿ ತೊಂದರೆ ಇನ್ನೊಂದು ಥರ. ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಜಮ್ಸಿಲ್ ಅನ್ನುವ ಜಾಗವಿದೆ, 1988ರ ಒಲಿಂಪಿಕ್ಸ್ ಕ್ರೀಡಾಂಗಣ ಇರುವುದು ಅಲ್ಲೇ. ಜಮ್ಸಿಲ್ ಅಂದರೆ ಹುಳು ಸಾಕುವ ಮನೆ. ಹಿಂದೆ ಅಲ್ಲಿ ರಾಜಮನೆತನದ ರೇಷ್ಮೆ ಮನೆ ಇತ್ತು. ಕೊರಿಯಾ ಸರ್ಕಾರ 2000ದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಹೊಸ ಸ್ಪೆಲ್ಲಿಂಗ್ ಪದ್ಧತಿ ತಂದಿತು, ಅದರಲ್ಲಿ ಇದು 'ಜಮ್ಸಿಲ್'. ಅಮೆರಿಕದ ಲೈಬ್ರರಿಗಳು ಹಳೆಯ ಮೆಕ್ಯೂನ್-ರೈಷಾವರ್ ಪದ್ಧತಿಯನ್ನೇ ಉಳಿಸಿಕೊಂಡಿವೆ, ಅದರಲ್ಲಿ ಇದು 'ಚಮ್ಸಿಲ್'. ಮ್ಯಾಪಿನಲ್ಲಿ ಒಂದು, ಕ್ಯಾಟಲಾಗಿನಲ್ಲಿ ಇನ್ನೊಂದು.

ಇಷ್ಟೆಲ್ಲಾ ಆಗಿ ಪುಸ್ತಕದ ಕಪಾಟಿನ ನಂಬರ್ ಸಿಕ್ಕಿತು ಅನ್ನಿ. ಇನ್ನು ಕಪಾಟಿಗೆ ಹೋಗೋಣ. ನಮ್ಮ ಲೈಬ್ರರಿಯಲ್ಲಿ ಒಂದೇ ವಿಷಯದ ಪುಸ್ತಕ ಎರಡು ಕಡೆ ಇದೆ. ಹೊಸವು ಲೈಬ್ರರಿ ಆಫ್ ಕಾಂಗ್ರೆಸ್ ವಿಂಗಡಣೆಯಲ್ಲಿ, ಅಂದರೆ ವಿಷಯಕ್ಕೆ ತಕ್ಕ ನಂಬರ್ ಕೊಡುವ ಅವರ ಪದ್ಧತಿಯಲ್ಲಿ, ಇವೆ. ಹಳೆಯವು ಹಾರ್ವರ್ಡ್-ಯೆನ್‌ಚಿಂಗ್ ವಿಂಗಡಣೆಯಲ್ಲಿವೆ. ಇದನ್ನು ರೂಪಿಸಿದವರು ಹಾರ್ವರ್ಡ್-ಯೆನ್‌ಚಿಂಗ್ ಲೈಬ್ರರಿಯ ಚಿಯು ಕೈಮಿಂಗ್. 1943ರಲ್ಲಿ ಪುಸ್ತಕವಾಗಿ ಬಂದ ಈ ಪದ್ಧತಿಯನ್ನು ಉತ್ತರ ಅಮೆರಿಕದ ಹಲವು ಪೂರ್ವ ಏಷ್ಯಾ ಲೈಬ್ರರಿಗಳು ದಶಕಗಳ ಕಾಲ ಬಳಸಿದವು. ಇದರಲ್ಲಿ ಕೃಷಿ ಮತ್ತು ತಂತ್ರಜ್ಞಾನ ಎಂಟು ಸಾವಿರದ ಸಾಲಿನಲ್ಲಿ ಬರುತ್ತದೆ. ನನಗೆ ಈ ಹಳೆಯ ಸಾಲೇ ಜಾಸ್ತಿ ಇಷ್ಟ. ದಾರದಲ್ಲಿ ಹೊಲಿದ ಚೀನೀ ಪುಸ್ತಕಗಳು ಬಟ್ಟೆಯ ಪೆಟ್ಟಿಗೆಯೊಳಗೆ ಮಲಗಿರುತ್ತವೆ. ಅವನ್ನು ಹೊರಗೆ ಕೊಡುವುದಿಲ್ಲ, ಅಲ್ಲೇ ಕೂತು ಓದಬೇಕು. ಅದು ಸರಿಯಾದ ನಿಯಮವೇ.

ವಿಂಗಡಣೆ ಅಂದರೆ ಒಣ ವಿಷಯ ಅಂತ ನಾನೂ ಅಂದುಕೊಂಡಿದ್ದೆ. ಜಪಾನಿನ ದಶಮಾಂಶ ವಿಂಗಡಣೆ ನೋಡಿದ ಮೇಲೆ ಆ ಅಭಿಪ್ರಾಯ ಹೋಯಿತು. 1929ರಲ್ಲಿ ಮೊದಲು ಬಂದ ಪದ್ಧತಿ ಅದು. ಅದರಲ್ಲಿ 610 ಕೃಷಿ, 620 ತೋಟಗಾರಿಕೆ, 640 ಪಶುಪಾಲನೆ. ನಡುವೆ 630 ಪೂರ್ತಿಯಾಗಿ ರೇಷ್ಮೆಗೆ. ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ರೇಷ್ಮೆ ಹುಳು ದನ, ಕೋಳಿ, ಜೇನಿನ ಜೊತೆ ಪ್ರಾಣಿ ಸಾಕಣೆಯ ಒಂದು ಮೂಲೆಯಲ್ಲಿದೆ. ಜಪಾನ್ ಅದಕ್ಕೆ ಕಾಡು, ಮೀನುಗಾರಿಕೆಗಳಷ್ಟೇ ದೊಡ್ಡ ಮನೆ ಕೊಟ್ಟಿತು. ಆ ದೇಶ ಒಂದು ಕಾಲದಲ್ಲಿ ರೇಷ್ಮೆಯಿಂದಲೇ ಬದುಕಿತು ಅನ್ನುವುದು ಆ ಒಂದು ನಂಬರಿನಲ್ಲೇ ಕಾಣುತ್ತದೆ. ಇದರಿಂದ ಕೆಲಸಕ್ಕೂ ಉಪಯೋಗವಿದೆ. ಜಪಾನಿನ ಯೂನಿವರ್ಸಿಟಿಗಳ ಒಟ್ಟು ಕ್ಯಾಟಲಾಗ್ ಆದ ಸೈನಿ ಬುಕ್ಸ್‌ನಲ್ಲಿ ಅಥವಾ ಅಲ್ಲಿನ ರಾಷ್ಟ್ರೀಯ ಡಯಟ್ (ಅಂದರೆ ಸಂಸತ್ತು) ಲೈಬ್ರರಿಯಲ್ಲಿ ಈ ನಂಬರ್ ಹಿಡಿದು ಹೋದರೆ ಹೆಸರೇ ಗೊತ್ತಿಲ್ಲದ ಪುಸ್ತಕಗಳು ಸಿಗುತ್ತವೆ. ಆಮೇಲೆ ಅವು ನಮ್ಮಲ್ಲಿವೆಯೇ ಅಂತ ನೋಡುತ್ತೇನೆ.

ಪುಸ್ತಕ ಕೈಗೆ ಬಂದ ಮೇಲೆ ಮೊದಲು ಕೊನೆಯ ಪುಟ ತೆಗೆಯಿರಿ. ಜಪಾನಿ ಪುಸ್ತಕದ ಮುದ್ರಣ ವಿವರ ಅಲ್ಲಿರುತ್ತದೆ, ಅದಕ್ಕೆ 'ಒಕುಝುಕೆ' ಅನ್ನುತ್ತಾರೆ. ಲೇಖಕರ ಹೆಸರನ್ನು ಹೇಗೆ ಓದಬೇಕು ಅನ್ನುವುದೂ ಎಷ್ಟೋ ಸಲ ಅಲ್ಲೇ ಸಣ್ಣಕ್ಷರದಲ್ಲಿ ಸಿಗುತ್ತದೆ. ಜಪಾನಿನಲ್ಲಿ ಒಂದೇ ಥರ ಬರೆದ ಹೆಸರನ್ನು ಎರಡು ಮೂರು ಥರ ಓದಬಹುದು. ತಪ್ಪಾಗಿ ಓದಿದರೆ ಮುಂದಿನ ಹುಡುಕಾಟವೂ ತಪ್ಪಾಗುತ್ತದೆ. ಇಸವಿಯೂ ಹಾಗೆ. ಜಪಾನಿನ ಚಕ್ರವರ್ತಿಯ ಆಳ್ವಿಕೆಯ ಲೆಕ್ಕದಲ್ಲಿ ಶೋವಾ 50 ಅಂತ ಇದ್ದರೆ 1925 ಸೇರಿಸಿ, 1975 ಆಗುತ್ತದೆ. ತೈವಾನ್ ಪುಸ್ತಕದಲ್ಲಿ ಅಲ್ಲಿನ ಗಣರಾಜ್ಯದ ಲೆಕ್ಕದ ಮಿಂಗುವೋ 64 ಅಂತ ಇದ್ದರೆ 1911 ಸೇರಿಸಿ, ಅದೂ 1975. ಹಳೆಯ ಚೀನೀ ಪುಸ್ತಕಗಳಲ್ಲಿ 60 ವರ್ಷದ ಚಕ್ರದ ಹೆಸರು ಮಾತ್ರ ಇರುವುದುಂಟು. ನಮ್ಮ ಪ್ರಭವ, ವಿಭವ ಸಂವತ್ಸರಗಳ ಥರವೇ. ಅಜ್ಜನ ಪಂಚಾಂಗ ನೋಡಿ ಬೆಳೆದವರಿಗೆ ಇದು ಹೊಸದಲ್ಲ. ಯಾವ ಸುತ್ತಿನ ಸಂವತ್ಸರ ಅಂತ ಬೇರೆ ಗುರುತುಗಳಿಂದ ತಿಳಿಯಬೇಕು ಅನ್ನುವುದೂ ಗೊತ್ತಿರುತ್ತದೆ.

ಎರವಲಿನ ನಿಯಮ ಪಿಎಚ್‌ಡಿ ಮಾಡುವವರಿಗೆ ಉದಾರವಾಗಿದೆ. ಒಂದು ವರ್ಷ ಇಟ್ಟುಕೊಳ್ಳಬಹುದು, ಬೇರೆಯವರು ಕೇಳಿದರೆ ವಾಪಸ್ ಕೊಡಬೇಕು. ಜಪಾನಿ ರೇಷ್ಮೆ ಪುಸ್ತಕವನ್ನು ಆರು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಊರಾಚೆಯ ಗೋದಾಮಿನಲ್ಲಿರುವ ಪುಸ್ತಕ ಒಂದೆರಡು ದಿನದಲ್ಲಿ ಬರುತ್ತದೆ. ಗೋದಾಮಿನಲ್ಲಿ ಅಳತೆ ನೋಡಿ ಜೋಡಿಸಿರುತ್ತಾರೆ, ಹಾಗಾಗಿ ಪಕ್ಕದ ಪುಸ್ತಕ ನೋಡುವ ಸುಖ ಇಲ್ಲ.

ನನ್ನ ದೊಡ್ಡ ದೂರು ಸಂಪುಟಗಳದ್ದು. ಜಪಾನಿನಲ್ಲಿ ಚರಿತ್ರೆಯ ದಾಖಲೆಗಳನ್ನು 20, 30 ಸಂಪುಟದ ಮಾಲೆಯಾಗಿ ತರುವುದು ರೂಢಿ. ಎಷ್ಟೋ ಲೈಬ್ರರಿಗಳು ಮಾಲೆಗೆಲ್ಲಾ ಸೇರಿಸಿ ಒಂದೇ ವಿವರ ಬರೆದಿರುತ್ತವೆ. ಬೇರೆ ಯೂನಿವರ್ಸಿಟಿಯಿಂದ ತರಿಸುವಾಗ ಯಾವ ಸಂಪುಟ ಅಂತ ಹೇಳಲು ಫಾರ್ಮಿನಲ್ಲಿ ಸರಿಯಾದ ಜಾಗ ಇಲ್ಲ. ನನಗೆ ಬೇಕಿದ್ದು ಏಳನೇ ಸಂಪುಟ. ಮೂರು ವಾರ ಕಾದೆ, ಬಂದದ್ದು ಒಂದನೆಯದು. ಮತ್ತೆ ಕೇಳಿದೆ, ಮತ್ತೆ ಒಂದನೆಯದೇ ಬಂತು. ಅಷ್ಟರಲ್ಲಿ ಅಧ್ಯಾಯ ಒಪ್ಪಿಸುವ ದಿನ ಮುಗಿದಿತ್ತು. ಈಗ ನಾನು ಟಿಪ್ಪಣಿಯ ಜಾಗದಲ್ಲಿ ಸಂಪುಟದ ನಂಬರು, ಅದರ ಹೆಸರು ಮೂಲ ಲಿಪಿಯಲ್ಲಿ, ಪ್ರಕಟವಾದ ವರ್ಷ, ಬೇಕಾದ ಪುಟಗಳು ಇಷ್ಟನ್ನೂ ಬರೆಯುತ್ತೇನೆ. ಆಮೇಲೆ ತಪ್ಪಾಗಿಲ್ಲ. ಬರೀ ಒಂದು ಅಧ್ಯಾಯ ಸಾಕಾದರೆ ಪುಸ್ತಕ ಕೇಳಬೇಡಿ, ಸ್ಕ್ಯಾನ್ ಕೇಳಿ. ಎರಡು ಮೂರು ದಿನದಲ್ಲಿ ಈಮೇಲಿಗೆ ಬರುತ್ತದೆ.

ಹಳೆಯ ಪುಸ್ತಕವಾದರೆ ಎರವಲಿಗೂ ಮೊದಲು ಡಯಟ್ ಲೈಬ್ರರಿಯ ಡಿಜಿಟಲ್ ಸಂಗ್ರಹ ನೋಡಿ. ಮೇಜಿ ಕಾಲದ (1868ರಿಂದ 1912) ರೇಷ್ಮೆ ಕೈಪಿಡಿಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. 2022ರ ಡಿಸೆಂಬರಿನಲ್ಲಿ ಅದನ್ನು ಹೊಸದಾಗಿ ಮಾಡಿದ ಮೇಲೆ ಲಕ್ಷಾಂತರ ಪುಸ್ತಕಗಳ ಒಳಗಿನ ಪದಗಳನ್ನೂ ಹುಡುಕಬಹುದು. ಅಂಥ ಒಂದು ಕೈಪಿಡಿ ಓದುವಾಗ ಹುಳು ಪೊರೆ ಬಿಡುವ ಹೊತ್ತಿಗೆ ಅವರು 'ಮಿನ್', ಅಂದರೆ ನಿದ್ದೆ, ಅನ್ನುತ್ತಾರೆ ಅಂತ ತಿಳಿಯಿತು. ನಮ್ಮಲ್ಲಿ ಅದಕ್ಕೆ ಜ್ವರ ಅನ್ನುತ್ತೇವೆ. ಹುಳು ಸೊಪ್ಪು ಬಿಟ್ಟು ತಲೆ ಎತ್ತಿ ಸುಮ್ಮನೆ ನಿಲ್ಲುವುದನ್ನು ನೋಡಿ ನಮ್ಮವರು ಮೈ ಸರಿಯಿಲ್ಲ ಅಂದರು, ಅವರು ಮಲಗಿದೆ ಅಂದರು. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

ಇಲ್ಲಿನ ಜಪಾನಿ ವಿಭಾಗದ ಲೈಬ್ರೇರಿಯನ್ ಬಗ್ಗೆ ಒಂದು ಮಾತು. ನಾನು ಅವರ ಹತ್ತಿರ ಹೋದದ್ದು ಎರಡನೇ ವರ್ಷದಲ್ಲಿ. ಮೊದಲ ವಾರವೇ ಹೋಗಬೇಕಿತ್ತು. ಹುಳುವಿನ ಅಕ್ಷರದ ಎರಡು ರೂಪ ತೋರಿಸಿಕೊಟ್ಟದ್ದು ಅವರೇ. ನಾನು ಕೇಳಿದ ಪುಸ್ತಕಗಳಲ್ಲಿ ಇಲ್ಲದವನ್ನು ಜಪಾನಿನಿಂದ ಕೊಂಡು ತರಿಸಿದರು. ಒಬ್ಬಳು ವಿದ್ಯಾರ್ಥಿನಿ ಕೇಳಿದಳು ಅಂತ ಒಂದು ಲೈಬ್ರರಿ ಪುಸ್ತಕ ಕೊಳ್ಳುತ್ತದೆ ಅನ್ನುವುದನ್ನು ನಂಬಲು ನನಗೆ ಸಮಯ ಬೇಕಾಯಿತು.

ಕೊನೆಯದಾಗಿ ಕನ್ನಡದವರಿಗೆ ಒಂದು ವಿಷಯ. ಲೈಬ್ರರಿ ಆಫ್ ಕಾಂಗ್ರೆಸ್ ವಿಂಗಡಣೆಯಲ್ಲಿ ಸಂಸ್ಕೃತ, ಹಿಂದಿ ಪುಸ್ತಕಗಳು ಪಿಕೆ ಅನ್ನುವ ಗುರುತಿನ ಅಡಿಯಲ್ಲಿವೆ. ಜಪಾನಿ, ಕೊರಿಯನ್, ಚೀನೀ ಭಾಷೆಗಳು ಪಿಎಲ್ ಅಡಿಯಲ್ಲಿವೆ. ನಮ್ಮ ಕನ್ನಡವೂ ಪಿಎಲ್‌ನಲ್ಲೇ ಇದೆ, ಚೀನೀ ಸಾಲು ಮುಗಿದು ಸ್ವಲ್ಪ ದೂರಕ್ಕೆ, 4659ರಲ್ಲಿ. 1960ರ ದಶಕದಿಂದ ಅಮೆರಿಕ ಭಾರತಕ್ಕೆ ಮಾರಿದ ಗೋಧಿಯ ರೂಪಾಯಿಯಲ್ಲಿ ಕೊಂಡ ಕನ್ನಡ ಪುಸ್ತಕಗಳು ಇಲ್ಲಿನ ಹಲವು ಲೈಬ್ರರಿಗಳಿಗೆ ಬಂದವು. ನಮ್ಮಲ್ಲೂ ಇವೆ. ಆದರೆ ಲೈಬ್ರರಿ ಆಫ್ ಕಾಂಗ್ರೆಸ್ ಬಹುಕಾಲ ಕ್ಯಾಟಲಾಗಿನಲ್ಲಿ ಮೂಲ ಲಿಪಿ ಹಾಕುತ್ತಿದ್ದದ್ದು ಜಪಾನಿ, ಚೀನೀ, ಕೊರಿಯನ್, ಅರಬಿ, ಪಾರ್ಸಿ, ಹೀಬ್ರೂ, ಯಿಡ್ಡಿಷ್ ಭಾಷೆಗಳಿಗೆ. ಕನ್ನಡಕ್ಕೆ ಇಂಗ್ಲಿಷ್ ಅಕ್ಷರವೇ ಗತಿಯಾಯಿತು. ರೇಷ್ಮೆ ಅಂತ ಕನ್ನಡದಲ್ಲಿ ಟೈಪ್ ಮಾಡಿದರೆ ಸೊನ್ನೆ ಬರುತ್ತಿತ್ತು. ನಾವು ದಿನವೂ ಬರೆಯುವ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲೂ ಸೊನ್ನೆ. ಯಾಕೆಂದರೆ ಅವರ ಪದ್ಧತಿಯಲ್ಲಿ ಷಕಾರಕ್ಕೆ ಎಚ್ ಅಕ್ಷರ ಇಲ್ಲ, ಎಸ್ ಕೆಳಗೆ ಚುಕ್ಕೆ ಮಾತ್ರ. ಎಚ್ ತೆಗೆದು 'ರೆಸ್ಮೆ' ಅನ್ನುವ ಹಾಗೆ ಟೈಪ್ ಮಾಡಿ, ಆಗ ಸಿಗುತ್ತದೆ.

ಯೋಸನ್, ಯೊಸನ್ ನಡುವೆ ಕಳೆದುಹೋದ ಅನುಭವ ಇಲ್ಲದಿದ್ದರೆ ಇದು ನನಗೆ ಹೊಳೆಯುತ್ತಿರಲಿಲ್ಲ. ದಕ್ಷಿಣ ಏಷ್ಯಾ ವಿಭಾಗದಲ್ಲಿ ಕೇಳಿದೆ. ಕನ್ನಡ ಲಿಪಿ ಸೇರಿಸಲು ಕಂಪ್ಯೂಟರಿನಲ್ಲಿ ಅಡ್ಡಿ ಇಲ್ಲ, ಓದಿ ಟೈಪ್ ಮಾಡುವವರು ಬೇಕು ಅಂದರು. ಈ ಸೆಮಿಸ್ಟರಿನಿಂದ ವಾರಕ್ಕೆ ನಾಲ್ಕು ಗಂಟೆ ಅಲ್ಲಿ ಕೂರುತ್ತಿದ್ದೇನೆ. ಕೃಷಿ ಪುಸ್ತಕಗಳಿಂದ ಶುರು ಮಾಡಿದ್ದೇವೆ. ಈಗ ನಮ್ಮ ಕ್ಯಾಟಲಾಗಿನಲ್ಲಿ ರೇಷ್ಮೆ ಅಂತ ಕನ್ನಡದಲ್ಲೇ ಟೈಪ್ ಮಾಡಿದರೆ ಎರಡು ಪುಸ್ತಕ ಬರುತ್ತವೆ.