ಕಾಗದದ ಕೌದಿಯೋ, ರಟ್ಟಿನ ಬೀದಿಯೋ, ಗೋಲಿಯ ಗೋಡೆಯೋ?

ಮೂವತ್ತು ಮಕ್ಕಳನ್ನು ಐದು ಗುಂಪು ಮಾಡಿ, ನಡುವೆ ಕತ್ತರಿ, ಬಣ್ಣ, ಅಂಟು ಇಟ್ಟರೆ ಗದ್ದಲವಂತೂ ಗ್ಯಾರಂಟಿ. ಒಗ್ಗಟ್ಟಿಗೆ ಆ ಗ್ಯಾರಂಟಿ ಇಲ್ಲ. ಒಂದೇ ಮೇಜಿನ ಸುತ್ತ ಕೂತ ಆರು ಮಕ್ಕಳು ಆರು ಬೇರೆ ಬೇರೆ ಕೆಲಸ ಮಾಡಿ ಎದ್ದು ಹೋಗಬಹುದು. ಇಲ್ಲವೇ ಇಬ್ಬರು ಮಾಡಿ, ನಾಲ್ವರು ನೋಡಿ, ಕೊನೆಗೆ ಆರೂ ಜನ ಹೆಸರು ಬರೆದುಕೊಳ್ಳಬಹುದು. 8ರಿಂದ 10 ವರ್ಷದ ಮಕ್ಕಳ ಜೊತೆ ಮಾಡಿಸಿ ನೋಡಿದ ಮೂರು ಚಟುವಟಿಕೆಗಳನ್ನು ಇಲ್ಲಿ ಅಕ್ಕಪಕ್ಕ ಇಟ್ಟಿದ್ದೇವೆ. ಚೆಂದ, ಅಗ್ಗ, ಸುಲಭ ಎಂಬುದೆಲ್ಲ ಆಮೇಲೆ. ನಾವು ಮೊದಲು ನೋಡಿದ್ದು ಇಷ್ಟೇ: ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ಎಲ್ಲಿ ತಾಗುತ್ತದೆ, ತಾಗಿದ ಜಾಗದಲ್ಲಿ ಏನಾಗುತ್ತದೆ?

ಈ ಪ್ರಶ್ನೆ ಹಳೆಯದು. 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ, ಅದುವರೆಗೆ ಬೇರೆ ಬೇರೆಯಾಗಿ ಓದುತ್ತಿದ್ದ ಬಿಳಿಯ, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಒಂದೇ ತರಗತಿಗೆ ಬಂದು ಜಗಳ ಜಾಸ್ತಿಯಾದಾಗ, ಮನಃಶಾಸ್ತ್ರಜ್ಞ ಎಲಿಯಟ್ ಅರಾನ್ಸನ್ ‘ಜಿಗ್ಸಾ’ ವಿಧಾನ ತಂದರು. ಪಾಠವನ್ನು ತುಂಡು ಮಾಡಿ ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುವುದು. ಪಕ್ಕದವರ ಮಾತಿಗೆ ಕಿವಿಗೊಡದೆ ಯಾರಿಗೂ ಪಾಠ ಪೂರ್ತಿಯಾಗದು. ಅವರು ಮಾತಿನಲ್ಲಿ ಮಾಡಿದ್ದನ್ನು ಕೈಕೆಲಸದಲ್ಲಿ ಮಾಡುವುದು ಹೇಗೆ ಎಂಬುದೇ ಮುಂದಿನ ಲೆಕ್ಕಾಚಾರ.

ಕಾಗದದ ಕೌದಿ

ಮೂರರಲ್ಲಿ ಇದು ಹಗುರ: 40 ನಿಮಿಷದ ಎರಡು ಪೀರಿಯಡ್ ಸಾಕು. 20 ಸೆಂ.ಮೀ. ಚೌಕದ 30 ಕಾರ್ಡ್‌ಶೀಟ್ ತುಂಡು, ಮಗುವಿಗೊಂದು. 5 ಸಾಲು, ಸಾಲಿಗೆ 6 ತುಂಡು ಜೋಡಿಸಿದರೆ 100 × 120 ಸೆಂ.ಮೀ. ಅಳತೆಯ ಕೌದಿ.

ಸಾಮಾನ್ಯವಾಗಿ ಮಾಡಿಸುವ ರೀತಿಯಲ್ಲಿ, ಎಂದರೆ ‘ನಿಮಗೆ ಇಷ್ಟವಾದ ಚಿತ್ರ ಬರೆಯಿರಿ, ಆಮೇಲೆ ಅಂಟಿಸೋಣ’ ಎನ್ನುವ ರೀತಿಯಲ್ಲಿ, ಇದು ನಮ್ಮ ಪರೀಕ್ಷೆಯಲ್ಲಿ ಪೂರ್ತಿ ಫೇಲು. ಗೋಡೆ ತುಂಬುತ್ತದೆ, ಅಷ್ಟೇ. ಪ್ರತಿ ಮಗುವೂ ತನ್ನ ಚೌಕವನ್ನು ಮಾತ್ರ ಹುಡುಕಿ ನೋಡುತ್ತದೆ.

ಒಂದೇ ಒಂದು ನಿಯಮ ಸೇರಿಸಿದರೆ ಕತೆ ಬೇರೆ. ಚಿತ್ರಕ್ಕೆ ಕೈಹಾಕುವ ಮೊದಲೇ ಮಕ್ಕಳನ್ನು ಕೌದಿಯ ಕ್ರಮದಲ್ಲೇ ನೆಲದ ಮೇಲೆ ಕೂರಿಸಿ. ಅಕ್ಕಪಕ್ಕದ ಇಬ್ಬರು ತಮ್ಮ ತುಂಡುಗಳ ಅಂಚು ತಾಗಿಸಿಟ್ಟು, ಎರಡರ ಮೇಲೂ ಹಾಯುವಂತೆ ಒಂದೇ ಗೆರೆ ಎಳೆಯಬೇಕು. ಅದು ದಾರಿಯೋ ಹೊಳೆಯೋ ಬಳ್ಳಿಯೋ, ಯಾವ ಬಣ್ಣ, ಎಷ್ಟು ಅಗಲ ಎಂಬುದನ್ನು ಆ ಇಬ್ಬರೇ ತೀರ್ಮಾನಿಸಬೇಕು. ಆಮೇಲೆ ತುಂಡು ತೆಗೆದುಕೊಂಡು ಹೋಗಿ ಒಳಗೆ ಏನಾದರೂ ಬರೆದುಕೊಳ್ಳಲಿ, ಅಂಚಿನ ಗೆರೆ ಮಾತ್ರ ಬದಲಾಗಕೂಡದು. 5 × 6ರ ಕೌದಿಯಲ್ಲಿ ಇಂಥ ಜಂಟಿ ಅಂಚು 49 ಬರುತ್ತವೆ. ಮೂಲೆಯ ಮಗುವಿಗೆ ಇಬ್ಬರ ಜೊತೆ ಮಾತುಕತೆ, ಬದಿಯ ಮಗುವಿಗೆ ಮೂವರು, ನಡುವಿನ 12 ಮಕ್ಕಳಿಗೆ ನಾಲ್ವರು. ಮಾತಿಗೆ ಹಿಂಜರಿಯುವ ಮಗುವನ್ನು ಮೂಲೆಗೆ ಕೂರಿಸುವುದು ಕರುಣೆಯೆನಿಸಿದರೂ ಬದಿಯಲ್ಲಿ ಕೂರಿಸಿ. ಇಬ್ಬರಲ್ಲಿ ಒಬ್ಬರು ಜೋರಿನವರಾದರೆ ಆ ಮಗುವಿಗೆ ಉಳಿಯುವುದು ಒಂದೇ ಅಂಚು.

ಆವತ್ತು ಶಾಲೆಗೆ ಬಾರದ ಮಗುವಿನ ಖಾಲಿ ತುಂಡನ್ನೂ ಅದರ ಜಾಗದಲ್ಲಿಡಿ. ನೆರೆಯವರು ತಮ್ಮ ಗೆರೆಯನ್ನು ಅದರ ಮೇಲೂ ಎಳೆದಿಡುತ್ತಾರೆ. ಮರುದಿನ ಬಂದ ಮಗುವಿನ ಕೈಗೆ ಸಿಗುವುದು ನಾಲ್ಕು ಕಡೆಯಿಂದ ನಾಲ್ಕು ದಾರಿ ಒಳಗೆ ಬಂದು ನಿಂತಿರುವ ತುಂಡು. ಉಳಿದ ಎರಡು ಚಟುವಟಿಕೆಗಳಲ್ಲೂ ಗೈರಾದವರನ್ನು ಇಷ್ಟು ಚೆನ್ನಾಗಿ ಒಳಗೆ ಕರೆದುಕೊಳ್ಳುವ ದಾರಿ ನಮಗೆ ಸಿಕ್ಕಿಲ್ಲ.

ಕೆಡುವುದು ಎಲ್ಲಿ? ಮೊದಲನೆಯದು, ತುಂಡುಗಳನ್ನು ಮಕ್ಕಳೇ ಕತ್ತರಿಸಿದಾಗ. ತುಂಡಿಗೆ 2-3 ಮಿ.ಮೀ. ವ್ಯತ್ಯಾಸ ಬಂದರೂ ಆರು ತುಂಡಿನ ಸಾಲಿನಲ್ಲಿ ಒಂದೂವರೆ ಸೆಂ.ಮೀ.ವರೆಗೆ ಓರೆಯಾಗುತ್ತದೆ. ಈ ಕತ್ತರಿಕೆಯೊಂದನ್ನು ಶಿಕ್ಷಕರೇ ಮಾಡಿಡಬೇಕು. ಎರಡನೆಯದು ಜಲವರ್ಣ. ಒಂದೇ ಮಗ್ಗುಲು ಒದ್ದೆಯಾಗಿ ಹಿಗ್ಗಿದ ಕಾಗದ ಒಣಗುವಾಗ ಡೊಂಕಾಗುತ್ತದೆ. 200 ಜಿಎಸ್ಎಂಗಿಂತ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ತೆಳುವಾದರೆ ಹಪ್ಪಳವೇ. ಕ್ರೇಯಾನ್ ಅಥವಾ ಒಣ ಬಣ್ಣ ಸಾಕು. ಮೂರನೆಯದು ಪ್ರತಿಸಲವೂ ಯಾರಾದರೊಬ್ಬರು ಮಾಡುವ ಎಡವಟ್ಟು: ಹಿಂದಿನಿಂದ ಟೇಪು ಹಚ್ಚಲು ತುಂಡುಗಳನ್ನು ಬೋರಲು ಹಾಕಿದಾಗ ಸಾಲು ಎಡಬಲ ತಿರುಗುತ್ತದೆ. ಪ್ರತಿ ತುಂಡಿನ ಬೆನ್ನಿಗೆ ಸಾಲಿನ ಸಂಖ್ಯೆ, ಸ್ಥಾನದ ಸಂಖ್ಯೆ ಮತ್ತು ಮೇಲ್ಮುಖದ ಬಾಣ ಮೊದಲೇ ಬರೆಸಿ. ಬೋರಲು ಜೋಡಿಸುವಾಗ ಬಲದಿಂದ ಎಡಕ್ಕೆ ಎಣಿಸಿ.

ಇದರ ಮಿತಿಯೆಂದರೆ, ಅಂಚು ಕೂಡದೆ ಹೋದರೂ ಏನೂ ಮುರಿಯುವುದಿಲ್ಲ. ಹೊಳೆ ಒಂದು ಬೆರಳು ಆಚೆ ಹರಿದರೆ ‘ಇರಲಿ ಬಿಡು’ ಎಂದು ಮುಗಿಯುತ್ತದೆ.

ರಟ್ಟಿನ ಬೀದಿ

ಸಾಮಗ್ರಿ ಬೇಡುವುದರಲ್ಲಿ, ಸಮಯ ನುಂಗುವುದರಲ್ಲಿ, ಕಲಿಸುವುದರಲ್ಲಿ ಇದರದ್ದೇ ಮೇಲುಗೈ. ಆರು ಪೀರಿಯಡ್‌ಗಿಂತ ಕಡಿಮೆಗೆ ಮುಗಿಯುವುದಿಲ್ಲ. ತಳಕ್ಕೆ 60 × 90 ಸೆಂ.ಮೀ. ರಟ್ಟಿನ ನಾಲ್ಕು ಹಾಳೆ. ನಾಲ್ಕು ಬಿಡಿಯಾಗಿಯೇ ಇರಲಿ, ಅಂಟಿಸಿಬಿಟ್ಟರೆ ಬಾಗಿಲಲ್ಲಿ ಹೋಗದು, ಎತ್ತಿಡಲು ಜಾಗ ಸಿಗದು.

ಮೊದಲ ದಿನ ಮನೆ ಕಟ್ಟಿಸಬೇಡಿ, ಅಳತೆ ನಿಲ್ಲಿಸಿ. 1:50 ನಮಗೆ ಸರಿಹೋದ ಪ್ರಮಾಣ, ಎಂದರೆ ನಿಜದ 1 ಮೀಟರಿಗೆ 2 ಸೆಂ.ಮೀ. ಹೀಗೆ ಮನುಷ್ಯ 3 ಸೆಂ.ಮೀ., ಬಾಗಿಲು 4 ಸೆಂ.ಮೀ., ಒಂದು ಅಂತಸ್ತು 6 ಸೆಂ.ಮೀ., 6 ಮೀಟರ್ ರಸ್ತೆ 12 ಸೆಂ.ಮೀ. ಮಗುವಿಗೊಂದರಂತೆ 3 ಸೆಂ.ಮೀ. ಎತ್ತರದ ಕಾಗದದ ಮನುಷ್ಯನನ್ನು ಕತ್ತರಿಸಿ ಕೊಡಿ. ಸ್ಕೇಲು ಹಿಡಿಯಲು ಬೇಜಾರುಪಡುವ ಮಗುವೂ ಆ ಮನುಷ್ಯನನ್ನು ಬಾಗಿಲ ಮುಂದೆ ನಿಲ್ಲಿಸಿ ನೋಡುತ್ತದೆ. ಇದಿಲ್ಲದಿದ್ದರೆ ಒಬ್ಬರ ನಾಯಿ ಇನ್ನೊಬ್ಬರ ಬಸ್ಸಿಗಿಂತ ದೊಡ್ಡದಾಗಿರುತ್ತದೆ. 1914ರಲ್ಲಿ ನ್ಯೂಯಾರ್ಕಿನಲ್ಲಿ ಶಾಲೆ ತೆರೆದ ಕ್ಯಾರೊಲಿನ್ ಪ್ರ್ಯಾಟ್ ಅವರ ಮರದ ಇಟ್ಟಿಗೆಗಳ ಗುಟ್ಟೂ ಇಂಥದೇ: ದಪ್ಪ, ಅಗಲ, ಉದ್ದ 1:2:4 ಅನುಪಾತದಲ್ಲಿರುವುದರಿಂದ ಯಾರು ಇಟ್ಟ ಇಟ್ಟಿಗೆಯೂ ಯಾರದ್ದಕ್ಕಾದರೂ ಕೂಡುತ್ತದೆ.

ರಟ್ಟಿನ ಗುಣ ತಿಳಿಯದೆ ಕೈಹಾಕಿದರೆ ಅರ್ಧ ಹೊತ್ತು ಗೋಳಾಟದಲ್ಲೇ ಕಳೆಯುತ್ತದೆ. ಎರಡು ಹಾಳೆಗಳ ನಡುವೆ ಅಲೆಯಲೆಯಾದ ಕಾಗದವಿರುತ್ತದಲ್ಲ, ಆ ಅಲೆಯ ಉದ್ದಕ್ಕೆ ಮಡಿಸಿದರೆ ರಟ್ಟು ನೇರ ಬಾಗುತ್ತದೆ. ಅಡ್ಡ ಮಡಿಸಿದರೆ ಜಜ್ಜಿದಂತೆ ಸುಕ್ಕಾಗುತ್ತದೆ. ಆದರೆ ಗೋಡೆ ಭಾರ ಹೊರಬೇಕಾದರೆ ಅಲೆಗಳು ಕಂಬದಂತೆ ನೆಟ್ಟಗೆ ನಿಂತಿರಬೇಕು. ಅದೃಷ್ಟಕ್ಕೆ ನಾಲ್ಕು ಗೋಡೆಯ ಪಟ್ಟಿಗೆ ಎರಡೂ ಒಂದೇ ದಿಕ್ಕು, ಚಾವಣಿಗೆ ಮಾತ್ರ ಯೋಚಿಸಬೇಕು. ಮಡಿಸುವ ಜಾಗದಲ್ಲಿ ಇಂಕು ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಗೆರೆ ಎಳೆಸಿ. ಮೂರು ಪದರದ ರಟ್ಟು ಮಕ್ಕಳ ಕತ್ತರಿಗೆ ಬಗ್ಗುತ್ತದೆ; ಐದು ಪದರದ್ದು ಬಗ್ಗುವುದಿಲ್ಲ, ಅದನ್ನು ತಳಕ್ಕೆ ಬಳಸಿ. ಕಟರ್ ದೊಡ್ಡವರ ಕೈಯಲ್ಲಿರಲಿ, ಬಿಸಿ ಅಂಟಿನ ಗನ್ನೂ ಅಷ್ಟೇ. ಬಿಳಿ ಅಂಟು ಹಿಡಿಯಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಮಗು ಅದುಮಿ ಹಿಡಿಯುವುದು ಒಂದು ನಿಮಿಷ. ನಡುವಿನ ಹೊತ್ತಿಗೆ ಬಟ್ಟೆ ಕ್ಲಿಪ್ಪು ಹಾಕಿಸಿ. ಅಂಟೇ ಬೇಡವೆಂದರೆ ಖಾಚು ಹಾಕಿ ಸಿಕ್ಕಿಸುವುದು: ಎರಡೂ ತುಂಡಿನಲ್ಲಿ ಅರ್ಧ ಎತ್ತರದವರೆಗೆ, ರಟ್ಟಿನ ದಪ್ಪದಷ್ಟೇ ಅಗಲದ ಸೀಳು. ಅಗಲ ಹೆಚ್ಚಾದರೆ ಗೋಡೆ ತೂಗಾಡುತ್ತದೆ.

ಇಷ್ಟೆಲ್ಲ ಸರಿಯಾದರೂ ನಿಜವಾದ ಪೇಚು ಬೇರೆಯೇ. ಎಲ್ಲರಿಗೂ ಮನೆ ಬೇಕು, ಚರಂಡಿ ಯಾರಿಗೂ ಬೇಡ. ಬಿಟ್ಟರೆ ಮೂವತ್ತು ಮನೆಯಾಗುತ್ತದೆ, ದಾರಿಯಿರುವುದಿಲ್ಲ. ಹತ್ತು ಚೀಟಿ ಮಾಡಿ: ನೀರಿನ ಟ್ಯಾಂಕ್, ಚರಂಡಿ, ದಾರಿದೀಪ, ಬಸ್ ನಿಲ್ದಾಣ, ಕಸದ ಜಾಗ, ಶಾಲೆ, ಆಸ್ಪತ್ರೆ, ಆಟದ ಬಯಲು, ಅಂಗಡಿ ಸಾಲು, ಸೇತುವೆ. ಮೂವರ ಗುಂಪಿಗೆ ಒಂದು ಚೀಟಿ. ಆ ಕೆಲಸ ನಿಂತಮೇಲೆ ಒಂದೊಂದು ಮನೆಗೆ ಅನುಮತಿ. ಪ್ರತಿ ಪೀರಿಯಡ್ಡಿನ ಮೊದಲ 10 ನಿಮಿಷ ಬೀದಿಯ ಸಭೆ. ಚರಂಡಿಯವರು ಆಟದ ಬಯಲಿನ ನಡುವೆಯೇ ಹಾಯಬೇಕು ಎನ್ನುತ್ತಾರೆ, ಬಯಲಿನವರು ಒಪ್ಪುವುದಿಲ್ಲ. ಇಲ್ಲಿ ಶಿಕ್ಷಕರು ಬಾಯಿಬಿಟ್ಟರೆ ಕೆಟ್ಟಿತು. ತೀರ್ಪು ಕೊಟ್ಟ ಗಳಿಗೆಯಿಂದ ಪ್ರತಿ ತಕರಾರೂ ನೇರ ಅವರ ಮೇಜಿಗೇ ಬರುತ್ತದೆ. ಸುಮ್ಮನಿರುವುದು ಈ ಚಟುವಟಿಕೆಯ ಅತ್ಯಂತ ಕಷ್ಟದ ಕೆಲಸ, ರಟ್ಟು ಕತ್ತರಿಸುವುದಲ್ಲ.

ಗೈರುಹಾಜರಿ ಇಲ್ಲಿ ದುಬಾರಿ. ಎರಡು ದಿನ ತಪ್ಪಿಸಿಕೊಂಡ ಮಗು ಬಂದಾಗ ಊರಿನ ಕಾನೂನೇ ಬದಲಾಗಿರುತ್ತದೆ. ಸಭೆಯ ತೀರ್ಮಾನಗಳನ್ನು ಒಂದು ದೊಡ್ಡ ಹಾಳೆಯಲ್ಲಿ ಸಾಲುಸಾಲಾಗಿ ಬರೆದು ತೂಗುಹಾಕಿದರೆ ಸ್ವಲ್ಪ ಪರಿಹಾರ.

ಗೋಲಿಯ ಗೋಡೆ

60 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ರಟ್ಟಿನ ಹಲಗೆಗಳನ್ನು ಒಂದರ ಕೆಳಗೊಂದು ಐದು ನಿಲ್ಲಿಸಿದರೆ 150 ಸೆಂ.ಮೀ., ಈ ವಯಸ್ಸಿನವರ ಕೈಗೆಟಕುವ ಎತ್ತರ. ಅಂಥ ಎರಡು ಸಾಲು, ಒಟ್ಟು ಹತ್ತು ಹಲಗೆ, ಹಲಗೆಗೆ ಮೂವರು. ಆರು ಜನರಿಗೆ ಒಂದು ಹಲಗೆ ಕೊಟ್ಟು ನೋಡಿದೆವು. ಆ ಜಾಗಕ್ಕೆ ಆರು ಕೈ ಸಾಲುತ್ತದೆ, ಹನ್ನೆರಡು ಕೈ ಹಿಡಿಸುವುದಿಲ್ಲ.

ಕರಾರು ಇಷ್ಟು: ಮೊದಲ ಹಲಗೆಯಲ್ಲಿ ಗೋಲಿ ಎಡಬದಿಯಿಂದ, ಮೇಲಂಚಿಗಿಂತ 2 ಸೆಂ.ಮೀ. ಕೆಳಗೆ ಒಳಬರುತ್ತದೆ, ಬಲಬದಿಯಲ್ಲಿ, ಕೆಳಂಚಿಗಿಂತ 2 ಸೆಂ.ಮೀ. ಮೇಲೆ ಹೊರಬೀಳುತ್ತದೆ. ಎರಡನೆಯದು ಅದರ ಕನ್ನಡಿ: ಬಲದಿಂದ ಒಳಗೆ, ಎಡದಿಂದ ಹೊರಗೆ. ನಡುವೆ ಏನು ಬೇಕಾದರೂ ಮಾಡಲಿ.

ಗೋಲಿ ಓಡುವ ಕಾಲುವೆಗೆ ಎ4 ದಪ್ಪ ಹಾಳೆ ಸಾಕು. 7 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ, 2-3-2 ಸೆಂ.ಮೀ.ಗೆ ಮಡಿಸಿದರೆ ಎರಡು ಬದಿಗೋಡೆಯ ಕಾಲುವೆ. 21 ಸೆಂ.ಮೀ. ಅಗಲದ ಹಾಳೆಗೆ ಸರಿಯಾಗಿ ಮೂರು ಪಟ್ಟಿ, ಚೂರೂ ವ್ಯರ್ಥವಿಲ್ಲ. ಗೋಲಿ 16 ಮಿ.ಮೀ. ಸಾಧಾರಣ ಗಾಜಿನದು. ಪ್ರತಿ ಕಾಲುವೆಗೂ ಅಡಿಯಲ್ಲಿ ಎರಡು ಕಡೆ ಮಡಿಚಿದ ರಟ್ಟಿನ ಆಸರೆ ಕೊಡಿ. ಬರೀ ಪೇಪರ್ ಟೇಪಿನ ಮೇಲೆ ನಿಂತ ಕಾಲುವೆ ಮರುದಿನ ಬೆಳಿಗ್ಗೆ ನೆಲದ ಮೇಲಿರುತ್ತದೆ.

ಮಕ್ಕಳು ಮೊದಲು ಮಾಡುವ ತಪ್ಪು ವಿಪರೀತ ಇಳಿಜಾರು. ಗೋಲಿ ರಭಸಕ್ಕೆ ತಿರುವಿನಲ್ಲಿ ಹಾರಿಹೋಗುತ್ತದೆ. 30 ಸೆಂ.ಮೀ. ಕಾಲುವೆಗೆ 2-3 ಸೆಂ.ಮೀ. ಇಳಿತ ಸಾಕು. ತೀರಾ ಕಡಿಮೆಯಾದರೆ ಜೋಡಣೆಯ ಟೇಪಿನ ಅಂಚಿಗೇ ತಗುಲಿ ನಿಂತುಬಿಡುತ್ತದೆ. ಮೇಲಿನ ಪಟ್ಟಿಯ ತುದಿ ಕೆಳಗಿನದರ ಮೇಲೆ ಕೂರಬೇಕು, ಮನೆಯ ಹೆಂಚಿನ ಹಾಗೆ. ಸ್ಪರ್ಧೆ ಇಡುವುದಾದರೆ ‘ಬೇಗ’ ಎಂದಲ್ಲ, ‘ನಿಧಾನ’ ಎಂದು ಇಡಿ. ಬೇಗ ಇಳಿಸಲು ಒಂದು ನೇರ ಕಾಲುವೆ ಸಾಕು. ನಿಧಾನವಾಗಿ, ಆದರೂ ನಿಲ್ಲದಂತೆ ಇಳಿಸಲು ತಿರುವು, ತಡೆ, ಒರಟು ಬಟ್ಟೆ ಎಲ್ಲದರ ಯೋಚನೆ ಮಾಡಬೇಕು. ಮೂರು ಸಲ ಓಡಿಸಿ ಸರಾಸರಿ ಬರೆಸಿದರೆ ಗಣಿತದ ಪೀರಿಯಡ್ಡನ್ನೂ ಇದಕ್ಕೇ ಕೇಳಬಹುದು.

ಕೌದಿಯಲ್ಲೂ ಬೀದಿಯಲ್ಲೂ ಇಲ್ಲದ ಗುಣ ಇದಕ್ಕಿದೆ. ಗೋಲಿ ಕಳಚಿ ಬೀಳುವುದು ಬಹುಪಾಲು ಹಲಗೆಯೊಳಗೆ ಅಲ್ಲ, ಎರಡು ಹಲಗೆಗಳ ಸಂದಿಯಲ್ಲಿ. ಟಪ್ ಎಂದು ಬಿದ್ದು ಮೇಜಿನಡಿಗೆ ಉರುಳಿದಾಗ ಮೇಲಿನವರು ‘ನಮ್ಮದರಿಂದ ಸರಿಯಾಗೇ ಬಂತು’ ಎನ್ನುತ್ತಾರೆ, ಕೆಳಗಿನವರು ‘ನಮ್ಮ ಬಾಯಿ ಅಳತೆಯಲ್ಲೇ ಇದೆ’ ಎನ್ನುತ್ತಾರೆ. ಇಬ್ಬರೂ ಸುಳ್ಳಾಡುತ್ತಿಲ್ಲ. 4 ಸೆಂ.ಮೀ. ಎತ್ತರದಿಂದ ಬಿದ್ದ ಗೋಲಿ ಪುಟಿಯುತ್ತದೆ, ಜೊತೆಗೆ ಬಂದ ದಿಕ್ಕಿಗೇ ಸ್ವಲ್ಪ ಮುಂದೆ ಹೋಗಿ ಬೀಳುತ್ತದೆ. ಹೊರಬಾಯಿಯಲ್ಲಿ ಮೇಲಿನವರು ಒಂದು ತಡೆಗೋಡೆ ಇಟ್ಟು ಗೋಲಿಯನ್ನು ಕೆಳಮುಖ ಮಾಡಬೇಕು. ಒಳಬಾಯಿಯಲ್ಲಿ ಕೆಳಗಿನವರು ಬಟ್ಟೆ ಹಾಸಿ ಪುಟಿತ ತಗ್ಗಿಸಬೇಕು. ಒಬ್ಬರೇ ಮಾಡಿದರೆ ಹತ್ತರಲ್ಲಿ ಕೆಲವು ಸಲ ಬೀಳುತ್ತಲೇ ಇರುತ್ತದೆ. ಶಿಕ್ಷಕರು ತೀರ್ಪು ಕೊಡಬೇಕಾಗಿಲ್ಲ, ಗೋಲಿಯೇ ಕೊಡುತ್ತದೆ, ಅದರ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಮೂರು ಪೀರಿಯಡ್ ಬೇಕು. ಅಪಾಯವೆಂದರೆ ಗೋಲಿ ನೆಲದ ಮೇಲುಳಿದು ಕಾಲಡಿ ಸಿಕ್ಕುವುದು; ಎಣಿಸಿ ಕೊಟ್ಟು, ಎಣಿಸಿ ವಾಪಸು ತೆಗೆದುಕೊಳ್ಳಿ.

ಯಾವುದು ಯಾರಿಗೆ

ಹೊಸ ವರ್ಷದ ಮೊದಲ ವಾರ, ಹೆಸರೂ ಸರಿಯಾಗಿ ಗೊತ್ತಿಲ್ಲದ ತರಗತಿಗೆ ಕೌದಿ. ಅದೂ ಜಂಟಿ ಗೆರೆಯ ನಿಯಮದೊಂದಿಗೆ ಮಾತ್ರ. ಗೈರುಹಾಜರಿ ಹೆಚ್ಚಿರುವ ಕಡೆಯೂ ಅದೇ. ಮೂರು ವಾರ ಹೊತ್ತು, ಎತ್ತಿಡಲು ಜಾಗ, ಸುಮ್ಮನಿರಬಲ್ಲ ಶಿಕ್ಷಕರು ಮೂರೂ ಇದ್ದರೆ ಬೀದಿ. ಒಂದು ಇಲ್ಲದಿದ್ದರೂ ಆಸೆಪಡಬೇಡಿ, ಅರ್ಧ ಕಟ್ಟಿ ಧೂಳು ಹಿಡಿದ ಊರು ಮಕ್ಕಳ ಉತ್ಸಾಹವನ್ನೇ ಕುಗ್ಗಿಸುತ್ತದೆ. ಒಂದೇ ಒಂದನ್ನು ಆರಿಸಬೇಕೆಂದರೆ ನಮ್ಮ ಆಯ್ಕೆ ಗೋಲಿಯ ಗೋಡೆ, ಅದರಲ್ಲೂ ಸದಾ ಕಿತ್ತಾಡುವ ಎರಡು ಬಣಗಳಿರುವ ತರಗತಿಗೆ.

ಆ ಗೋಡೆಯನ್ನು ಮಾಡಿಸುವವರು ಗೋಲಿ ಮೇಲಿಂದ ಕೆಳಗಿನವರೆಗೆ ಬಿದ್ದುಹೋಗದೆ ಇಳಿದ ದಿನವೇ ಕಿತ್ತುಹಾಕಬೇಡಿ. ಚಪ್ಪಾಳೆ ಮುಗಿದ ಮೇಲೆ ಒಂದನೆಯ ಮತ್ತು ಮೂರನೆಯ ಹಲಗೆಯನ್ನು ಅದಲುಬದಲು ಮಾಡಿ. ಎರಡೂ ಎಡದಿಂದ ಒಳಗೆ, ಬಲದಿಂದ ಹೊರಗೆ. ಕರಾರಿನ ಪ್ರಕಾರ ಗೋಲಿ ಓಡಲೇಬೇಕು. ಓಡುವುದಿಲ್ಲ. ಹಳೆಯ ನೆರೆಯವರ ರಭಸಕ್ಕೆ ಹೊಂದಿಸಿಟ್ಟ ಬಾಯಿಗಳು ಈಗ ಹೊಸ ನೆರೆಯವರ ಎದುರು ನಿಂತಿರುತ್ತವೆ. ಅರ್ಧ ಪೀರಿಯಡ್ ಕೊಟ್ಟು, ಒಂದು ಟೇಪು ಮಧ್ಯದಲ್ಲಿಟ್ಟು, ಪಕ್ಕಕ್ಕೆ ನಿಲ್ಲಿ.