ಈವಿಲ್ ಡೆಡ್ ಟ್ರ್ಯಾಪ್: ಬಲೆಗಳು ಬಿಗಿ, ಓಟ ಸಡಿಲ

ಜಪಾನಿನ ಭಯದ ಸಿನಿಮಾ ಅಂದಕೂಡಲೇ ನಮ್ಮ ಕಡೆ ಮಂದಿ ಹೇಳುವುದು 1998ರ ರಿಂಗು. ಅದಕ್ಕೂ ಹತ್ತು ವರ್ಷ ಮೊದಲೇ, ಟಿವಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳ ಕೈಗೆ ಒಂದು ವಿಡಿಯೋ ಟೇಪು ಬಂದು ಅನಾಹುತ ಶುರುವಾಗುವ ಸಿನಿಮಾ ಅಲ್ಲಿ ಬಂದಾಗಿತ್ತು. 1988ರ ‘ಈವಿಲ್ ಡೆಡ್ ಟ್ರ್ಯಾಪ್’, ಜಪಾನಿ ಹೆಸರು ‘ಶಿರ್ಯೋ ನೋ ವಾನಾ’. ನಿರ್ದೇಶಕ ತೋಶಿಹಾರು ಇಕೆದಾ, ಚಿತ್ರಕಥೆ ತಾಕಾಶಿ ಇಶಿಯದು. ಹೆಸರು ನೋಡಿ 1981ರ ಅಮೆರಿಕದ ಈವಿಲ್ ಡೆಡ್‌ನ ಮುಂದಿನ ಭಾಗ ಅಂದುಕೊಳ್ಳಬೇಡಿ, ಕಥೆಗೆ ಅದರ ಸಂಬಂಧವಿಲ್ಲ. ನೆಲದ ಮಟ್ಟದಲ್ಲಿ ನುಗ್ಗಿ ಬರುವ ಕ್ಯಾಮೆರಾ ಮಾತ್ರ ಅಲ್ಲಿಂದ ಎತ್ತಿಕೊಂಡದ್ದು. ನೀಲಿ, ಕೆಂಪು ಬೆಳಕು ಇಟಲಿಯ ನಿರ್ದೇಶಕ ಡಾರಿಯೋ ಅರ್ಜೆಂಟೋನ ಕಡೆಯ ಸಾಲ. ಸಾಲ ಮಾಡಿದ್ದನ್ನು ಮುಚ್ಚಿಡುವ ಸಿನಿಮಾ ಅಲ್ಲ ಇದು.

ನಾಮಿ ತಡರಾತ್ರಿಯ ಟಿವಿ ಕಾರ್ಯಕ್ರಮವೊಂದರ ನಿರೂಪಕಿ. ನೀವು ತೆಗೆದ ವಿಡಿಯೋ ಕಳಿಸಿ ಎಂದು ವೀಕ್ಷಕರನ್ನು ಕೇಳುವುದು ಆ ಕಾರ್ಯಕ್ರಮದ ರೀತಿ. ಹೀಗೆ ಬಂದ ಒಂದು ಟೇಪಿನಲ್ಲಿ ಹೆಣ್ಣೊಬ್ಬಳ ಕೊಲೆಯಿದೆ. ಪೊಲೀಸರ ಬಳಿ ಹೋಗುವುದು ಬಿಟ್ಟು, ಮೂವರು ಹೆಂಗಸರು ಮತ್ತು ಒಬ್ಬ ಗಂಡಸು ಇರುವ ತನ್ನ ತಂಡವನ್ನು ಕಟ್ಟಿಕೊಂಡು ಆಕೆ ಆ ಜಾಗ ಹುಡುಕುತ್ತಾ ಹೊರಡುತ್ತಾಳೆ. ಅಲ್ಲಿಗೆ ಮುಟ್ಟಿದಮೇಲೆ ಒಬ್ಬೊಬ್ಬರಾಗಿ ಬೇರೆಯಾಗುತ್ತಾರೆ. ಉಳಿದದ್ದು ಸ್ಲ್ಯಾಶರ್, ಅಂದರೆ ಕೊಲೆಗಾರನೊಬ್ಬ ಒಬ್ಬೊಬ್ಬರನ್ನೇ ಕೊಲ್ಲುತ್ತಾ ಹೋಗುವ ಜಾತಿಯ ಸಿನಿಮಾ, ನೋಡಿದವರಿಗೆ ಗೊತ್ತೇ ಇದೆ.

ಮೊದಲ ಹೆಚ್ಚುಗಾರಿಕೆ ಆ ಟೇಪೇ. ಅದು ಕೊಲೆಯಿಂದ ಶುರುವಾಗುವುದಿಲ್ಲ, ದಾರಿಯಿಂದ ಶುರುವಾಗುತ್ತದೆ. ಓಡುತ್ತಿರುವ ಗಾಡಿಯೊಳಗಿಂದ ತೆಗೆದ ರಸ್ತೆ, ಹೀಗೇ ಬಾ ಎಂದು ವಿಳಾಸ ಕೊಟ್ಟಂತೆ. ಆಮೇಲೆ ಕಟ್ಟಿಹಾಕಿದ ಹೆಂಗಸು, ಆಮೇಲೆ ಅವಳ ಕಣ್ಣು. ಪರದೆ ತುಂಬಾ ಕಣ್ಣುಗುಡ್ಡೆ, ಅದಕ್ಕೆ ಇಳಿಯುವ ಅಲಗು. 1929ರಲ್ಲಿ ನಿರ್ದೇಶಕ ಬುನ್ಯುಯೆಲ್ ಮತ್ತು ಚಿತ್ರಕಲಾವಿದ ಡಾಲಿ ತಮ್ಮ ಕಿರುಚಿತ್ರದಲ್ಲಿ ಕ್ಷೌರದ ಕತ್ತಿಯಿಂದ ಮಾಡಿದ್ದನ್ನು ಇಕೆದಾ ಇಲ್ಲಿ ಬಣ್ಣದಲ್ಲಿ, ನಿಧಾನವಾಗಿ ಮಾಡುತ್ತಾನೆ. ನಕಲಿ ಕಣ್ಣು ಎಂದು ಗೊತ್ತಿದ್ದರೂ ಕೈ ಮುಖಕ್ಕೆ ಹೋಗುತ್ತದೆ. ಇದೆಲ್ಲ ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೇ ಬರುವುದರಿಂದ ಗಿರ್ಮಿಟ್ ತಟ್ಟೆ ಹಿಡಿದು ಕೂರುವವರು ಮೊದಲು ತಿಂದು ಮುಗಿಸಿ ಕೂರುವುದು ಒಳ್ಳೆಯದು.

ಎರಡನೆಯದು ಜಾಗ. ಪಾಳುಬಿದ್ದ ಕಟ್ಟಡಗಳ ದೊಡ್ಡ ಆವರಣ: ಒಡೆದ ಗಾಜು, ಗೋಡೆಯಲ್ಲಿ ಇಳಿದ ತೇವ, ಯಾವುದಕ್ಕೆಂದು ತಿಳಿಯದ ಪೈಪುಗಳು, ಉದ್ದನ್ನ ಓಣಿಗಳು. ಹುಬ್ಬಳ್ಳಿ, ಗದಗದಲ್ಲಿ ಬಾಗಿಲು ಹಾಕಿದ ಹತ್ತಿ ಗಿರಣಿಯ ಒಳಗೆ ಕಾಲಿಟ್ಟವರಿಗೆ ಆ ತಂಪು, ಆ ತುಕ್ಕಿನ ವಾಸನೆ ಕೂಡಲೇ ನೆನಪಾಗುತ್ತದೆ. ಸ್ಟುಡಿಯೋದಲ್ಲಿ ಕಟ್ಟಿದ ಸೆಟ್ಟಿಗೆ ಈ ಕಳೆ ಬರುವುದಿಲ್ಲ.

ಆದರೆ ಸಿನಿಮಾದ ಬಲ ಎಲ್ಲಿದೆಯೋ ಅದರ ದೋಷವೂ ಅಲ್ಲೇ ಇದೆ. ಸ್ಲ್ಯಾಶರಿನಲ್ಲಿ ಭಯ ಹುಟ್ಟಬೇಕಾದರೆ ನೋಡುವವರಿಗೆ ಮೂರು ಸಂಗತಿ ಗೊತ್ತಿರಬೇಕು: ಕೊಲೆಗಾರ ಎಲ್ಲಿದ್ದಾನೆ, ಬಾಗಿಲು ಎಲ್ಲಿದೆ, ಓಡುವವಳಿಗೂ ಅವೆರಡಕ್ಕೂ ಎಷ್ಟು ದೂರ. 1978ರ ‘ಹ್ಯಾಲೊವೀನ್’ನಲ್ಲಿ ರಸ್ತೆಯ ಆಚೆ ಒಂದು ಮನೆ, ಈಚೆ ಒಂದು ಮನೆ. ಅಷ್ಟು ಸಾಕು, ಆ ರಸ್ತೆ ದಾಟುವುದೇ ಜೀವನ್ಮರಣದ ಮಾತಾಗುತ್ತದೆ. ಇಕೆದಾನ ಆವರಣಕ್ಕೆ ಇಂಥ ನಕ್ಷೆಯೇ ಇಲ್ಲ. ನಾಮಿ ಒಂದು ಖೋಲಿಯಿಂದ ಹೊರಬಿದ್ದು ಇನ್ನೊಂದು ಓಣಿಗೆ ಓಡುತ್ತಾಳೆ, ಅದು ಮೊದಲಿನದ್ದೋ ಹೊಸದೋ ತಿಳಿಯುವುದಿಲ್ಲ. ಗಾಡಿ ಯಾವ ದಿಕ್ಕಿಗೆ ನಿಂತಿದೆ ಎಂಬುದೂ ಮರೆತುಹೋಗಿರುತ್ತದೆ. ಹಿಂಗಾಗಿ ಬೆನ್ನಟ್ಟುವ ದೃಶ್ಯಗಳು ನೋಡಲು ಭಾಳ ಚೆಂದ, ಎದೆ ಮಾತ್ರ ಹೊಡೆದುಕೊಳ್ಳುವುದಿಲ್ಲ.

ಬಲೆಗಳ ಮಾತು ಬೇರೆ. ಬಲೆಗೆ ಊರಿನ ನಕ್ಷೆ ಬೇಡ, ಒಂದು ಖೋಲಿ ಸಾಕು. ನಾಲ್ಕು ಗೋಡೆ, ಒಬ್ಬ ಮನುಷ್ಯ, ಕಾಣದಂತೆ ಹೂಡಿಟ್ಟ ಯಂತ್ರ. ತಂಡದ ಒಬ್ಬಾಕೆಯನ್ನು ಸಲಾಕೆಗಳು ಒಮ್ಮೆಗೇ ಚುಚ್ಚಿ ಹಿಡಿದುಬಿಡುವ ದೃಶ್ಯದಲ್ಲಿ ಇದನ್ನು ಗಮನಿಸಿ. ಮುಂಚೆ ಸಂಗೀತ ಏರುವುದಿಲ್ಲ, ನೆರಳು ಸುಳಿಯುವುದಿಲ್ಲ, ಕೊಲೆಗಾರ ಅಲ್ಲಿ ಇರಬೇಕೆಂದೂ ಇಲ್ಲ. ಕಟ್ಟಡವೇ ಕೊಂದಂತೆ ಅನಿಸುತ್ತದೆ. ಸಿನಿಮಾದ ಬಹುಪಾಲು ಒಳ್ಳೆಯ ಕ್ಷಣಗಳು ಈ ಜಾತಿಯವು.

ಪಾತ್ರಗಳ ಬಗ್ಗೆ ಹೇಳುವಂಥದ್ದು ಕಡಿಮೆ. ನಾಮಿಯಾಗಿ ಮಿಯುಕಿ ಓನೋ ಗಟ್ಟಿಯಾಗಿ ನಿಲ್ಲುತ್ತಾಳೆ, ಹೆದರಿದಾಗಲೂ ಹಟ ಬಿಡದ ಮುಖ ಅವಳದು. ಉಳಿದವರು ಸಾಯಲಿಕ್ಕೇ ಬಂದವರು. ಯಾಕೆ ಬೇರೆಬೇರೆ ದಿಕ್ಕಿಗೆ ಹೋದರು ಎಂದು ಕೇಳಿದರೆ ಉತ್ತರವಿಲ್ಲ.

ಒಂದು ವಿಷಯ ಮೊದಲೇ ತಿಳಿದಿರಬೇಕು. ಇದರಲ್ಲಿ ಅತ್ಯಾಚಾರದ ದೃಶ್ಯವಿದೆ, ಕಥೆಗೆ ಅದರಿಂದ ಏನೂ ಆಗಬೇಕಿಲ್ಲ. ಇಕೆದಾ ನಿಕ್ಕಾತ್ಸು ಕಂಪನಿಯ ಕಾಮಪ್ರಧಾನ ಚಿತ್ರಗಳಿಂದ ಬಂದವನು. ಇಶಿಯೂ ಅದೇ ದಾರಿಯವನು, ಅವನ ಮಾಂಗಾ (ಜಪಾನಿ ಕಾಮಿಕ್ಸ್) ಮತ್ತು ಚಿತ್ರಕಥೆಗಳಲ್ಲಿ ನಾಮಿ ಎಂಬ ಹೆಸರಿನ ನಾಯಕಿ ಮತ್ತೆಮತ್ತೆ ಬರುತ್ತಾಳೆ, ಮತ್ತೆಮತ್ತೆ ನೋಯುತ್ತಾಳೆ. ಆ ಹಳೆಯ ಚಟ ಇಲ್ಲೂ ಬಿಟ್ಟಿಲ್ಲ. ಹಾಸ್ಟೆಲ್ಲಿನಲ್ಲೋ ಪಿಜಿಯಲ್ಲೋ ನಾಲ್ಕು ಮಂದಿ ಕೂಡಿ ಹಚ್ಚುವ ಮುಂಚೆ ಜೊತೆಗಿರುವವರಿಗೆ ಇದನ್ನು ಹೇಳಿಬಿಡಿ. ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ಕೊನೆಯ ಭಾಗದಲ್ಲಿ ಸಿನಿಮಾ ಬಣ್ಣ ಬದಲಿಸುತ್ತದೆ. ಕೊಲೆಗಾರ ಯಾರು ಎಂಬ ಪ್ರಶ್ನೆ ಸರಿದು, ಅವನು ಎಂಥಾ ಜೀವಿ ಎಂಬ ಪ್ರಶ್ನೆ ಬರುತ್ತದೆ. ಚಾಕುವಿನ ಸಿನಿಮಾ ಮೈ ಬಿರಿಯುವ ಸಿನಿಮಾ ಆಗುತ್ತದೆ. ಗುಟ್ಟು ಬಿಟ್ಟುಕೊಡುವುದಿಲ್ಲ. ಕಲ್ಪನೆ ವಿಚಿತ್ರ, ಕೈಯಲ್ಲಿ ಮಾಡಿದ ಮೇಕಪ್ಪು ಅಂಟಂಟಾಗಿ ಅಸಹ್ಯ ಹುಟ್ಟಿಸುವಂತಿದೆ, ಅದು ಹೊಗಳಿಕೆಯೇ. ತೊಂದರೆ ಎಂದರೆ ಬಲೆಗಳಿಂದ ಕಟ್ಟಿದ್ದ ಬಿಗಿ ಅಲ್ಲಿಗೆ ಬಿಚ್ಚಿಹೋಗುತ್ತದೆ. ಮುಗಿಯಿತು ಅಂದಮೇಲೂ ಮುಗಿಯುವುದಿಲ್ಲ, ಹದಿನೈದು ನಿಮಿಷ ಕತ್ತರಿಸಿದ್ದರೆ ಏನೂ ಕಳೆದುಕೊಳ್ಳುತ್ತಿರಲಿಲ್ಲ.

ತೊಮೊಹಿಕೊ ಕಿರಾನ ಸಿಂಥಸೈಜರ್ ಸಂಗೀತ ಅರ್ಜೆಂಟೋನ ಚಿತ್ರಗಳಿಗೆ ನುಡಿಸಿದ ಗಾಬ್ಲಿನ್ ತಂಡದ ದಾರಿಯದು. ಒಂದೇ ಸ್ವರಗುಚ್ಛ ತಿರುತಿರುಗಿ ಬಂದು ಮರುದಿನವೂ ಕಿವಿಯಲ್ಲಿ ಉಳಿಯುತ್ತದೆ.

ಇಂಥ ಸಿನಿಮಾ ನಮ್ಮೂರ ಥಿಯೇಟರಿಗೆ ಬರುವುದಿಲ್ಲ, ಲ್ಯಾಪ್‌ಟಾಪ್ ಅಥವಾ ಟಿವಿಯೇ ಗತಿ. ಹಾಗಾಗಿ ಪ್ರಿಂಟಿನ ಬಗ್ಗೆ ಎರಡು ಮಾತು. ಹಳೆ ಕ್ಯಾಸೆಟ್ಟಿನಿಂದ ಇಳಿಸಿದ ಪ್ರತಿಯಲ್ಲಿ ನೀಲಿ ಕತ್ತಲೆಯೆಲ್ಲ ಬರೀ ಕರಿ ಆಗಿ, ಆ ಕಟ್ಟಡವೇ ಕಾಣುವುದಿಲ್ಲ. ಮರುಸಂಸ್ಕರಿಸಿದ ಬ್ಲೂ-ರೇ ಪ್ರತಿಯೇ ಬೇಕು. ಟಿವಿಯಲ್ಲಿ ‘ವಿವಿಡ್’ ತೆಗೆದು ‘ಸಿನಿಮಾ’ ಮೋಡ್‌ಗೆ ಹಾಕಿ, ಚಲನೆಯನ್ನು ನುಣುಪು ಮಾಡುವ ಆಯ್ಕೆಯನ್ನು ಬಂದ್ ಮಾಡಿ, ಖೋಲಿಯ ದೀಪ ಆರಿಸಿ.

ಅವಧಿಯನ್ನೂ ನೋಡಿ. ಸಿನಿಮಾ 102 ನಿಮಿಷದ್ದು. ನಿಮ್ಮ ಪ್ರತಿ 98 ನಿಮಿಷಕ್ಕೆ ಮುಗಿಯುತ್ತಿದ್ದರೆ ಅದು ಕತ್ತರಿ ಬಿದ್ದದ್ದೇ ಆಗಬೇಕಿಲ್ಲ. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು ಯುರೋಪಿನ ಟಿವಿ ಪದ್ಧತಿಯಂತೆ 25ಕ್ಕೆ ಓಡಿಸಿದರೂ ಅಷ್ಟೇ ಆಗುತ್ತದೆ. ಆಗ ಕಿರಾನ ಸಂಗೀತದ ಶ್ರುತಿಯೂ ಏರಿರಬಹುದು. 102 ನಿಮಿಷದ ಪ್ರತಿಗೆಂದು ಮಾಡಿದ ಇಂಗ್ಲಿಷ್ ಸಬ್‌ಟೈಟಲ್ ಮೊದಮೊದಲು ಸರಿಯಾಗಿ ಕೂತು, ಕೊನೆಗೆ ಬರುವಷ್ಟರಲ್ಲಿ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ. ವಿಎಲ್‌ಸಿ ಪ್ಲೇಯರಿನಲ್ಲಿ ಜಿ, ಎಚ್ ಕೀ ಒತ್ತಿ ಹಿಂದೆಮುಂದೆ ಮಾಡಿದರೆ ಆ ಕ್ಷಣಕ್ಕೆ ಸರಿಹೋಗಿ ಮತ್ತೆ ತಪ್ಪುತ್ತದೆ. ಟೂಲ್ಸ್ ಮೆನುವಿನ ‘ಟ್ರ್ಯಾಕ್ ಸಿಂಕ್ರನೈಸೇಶನ್’ಗೆ ಹೋಗಿ ಸಬ್‌ಟೈಟಲ್ಲಿನ ವೇಗವನ್ನೇ ಬದಲಿಸಬೇಕು.

ಇದೇ ಹೆಸರಿನ ಎರಡನೇ ಭಾಗವೂ ಇದೆ, 1992ರದು, ನಿರ್ದೇಶಕ ಇಜೊ ಹಾಶಿಮೊಟೊ. ಕಥೆ, ಪಾತ್ರ ಎಲ್ಲ ಬೇರೆ. ಇದು ಹಿಡಿಸಿತು ಎಂದು ಅದೇ ರಾತ್ರಿ ಅದನ್ನು ಹಚ್ಚಬೇಡಿ, ಬಲೆಗಳ ಆಸೆಗೆ ಹೋದವರಿಗೆ ಅಲ್ಲಿ ಅವು ಸಿಗುವುದಿಲ್ಲ.